ಮಾಷ್ಟ್ರ ಮಂಡಿ ಪುರಾಣ

ಆಪರೇಷನ್ ಆದ ಮೇಲೆ ನೋವಿಗಿಂತ ಜಾಸ್ತಿ ಕಾಟ ಕೊಟ್ಟವರು ನಮ್ಮ ದೊಡ್ಡಮ್ಮ. ಅವರಿಗೆ ಎಪ್ಪತ್ತು ದಾಟಿದೆ. ಎರಡೂ ಮಂಡಿ ಬದಲಿಸಿಕೊಂಡಿದ್ದಾರೆ. ಆಪರೇಷನ್ನಿನ ಮರುದಿನವೇ ವಾಕರ್ ಕೈಗೆ ಕೊಟ್ಟು ವಾರ್ಡಿನ ತುಂಬ ನಡೆಸಿದ್ದರಂತೆ. ನನಗಿನ್ನೂ ನಲವತ್ತರ ಆಸುಪಾಸು. ಮಾಡಿದ್ದು ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ಹೊರಗಿನಿಂದ ನೋಡಿದರೆ ಮಂಡಿಯ ಆಚೀಚೆ ಪುಟ್ಟ ಗಾಯ, ಅಷ್ಟೆ. ಆದರೂ ಆರು ವಾರ ಆ ಕಾಲನ್ನು ನೆಲಕ್ಕೆ ಊರುವ ಹಾಗಿಲ್ಲ ಎಂದಿದ್ದರು ಡಾಕ್ಟರು.

"ನನ್ನ ಮರುದಿನವೇ ನಡೆಸಿದ್ರು. ನಿಂಗೆ ಎಂತ ಮಾಡಿದ್ರು ಮಗಾ?" ಎಂದು ದೊಡ್ಡಮ್ಮ ಬಂದಾಗಲೆಲ್ಲ ಕೇಳುತ್ತಿದ್ದರು. ಕೇಳುವಾಗ ನಮ್ಮ ಮನೆಯ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತಿ ಬಂದಿರುತ್ತಿದ್ದರು. ಅದು ಬೇರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ರಜೆಯಲ್ಲಿ, ವಾರದ ಕೊನೆಯಲ್ಲಿ ಯಕ್ಷಗಾನ. ಹವ್ಯಾಸಿ ತಂಡ, ಬಡಗುತಿಟ್ಟು. ಅಭಿಮನ್ಯು, ಬಭ್ರುವಾಹನನಂಥ ಎಳೆ ಪ್ರಾಯದ ವೇಷಗಳೇ ನನ್ನ ಪಾಲಿಗೆ ಬರುತ್ತಿದ್ದವು. ಆ ವೇಷಗಳಲ್ಲಿ ಜನ ಕಾಯುವುದು ಒಂದಕ್ಕೆ. ಭಾಗವತರು ಏರುಪದ ಎತ್ತಿ, ಚಂಡೆ ಬಿಸಿಯಾದಾಗ ಎರಡೂ ಮಂಡಿ ನೆಲಕ್ಕೂರಿ ರಂಗಸ್ಥಳದ ಸುತ್ತ ಗಿರ್ರನೆ ತಿರುಗಬೇಕು. ಒಂದು ಸುತ್ತಾದ ಮೇಲೆ ಚಪ್ಪಾಳೆ ಶುರುವಾಗುತ್ತದೆ, ಶಿಳ್ಳೆ ಬೀಳುತ್ತದೆ. ಆಮೇಲೆ ನಿಲ್ಲಿಸಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಅದನ್ನು ಇಪ್ಪತ್ತು ವರ್ಷ ಮಾಡಿದ್ದೇನೆ. ಮಂಡಿ ಕೆಟ್ಟದ್ದು ಅದರಿಂದಲೇ ಅಂತ ಡಾಕ್ಟರು ಹೇಳಲಿಲ್ಲ. ಅದರಿಂದ ಅಲ್ಲ ಅಂತಲೂ ಹೇಳಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಕಾರ್ಟಿಲೇಜ್, ಎಕ್ಸ್‌ರೇಗೆ ಸಿಗುವುದೇ ಇಲ್ಲ. ಎಮ್ಮಾರೈ ಮಾಡಿಸಿದಾಗ ಗೊತ್ತಾಯಿತು. ತೊಡೆಮೂಳೆಯ ತುದಿಯಲ್ಲಿ, ಭಾರ ಬೀಳುವ ಜಾಗದಲ್ಲೇ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಾರ್ಟಿಲೇಜ್ ಕಿತ್ತುಹೋಗಿತ್ತು. ಒಂಬತ್ತನೇ ತರಗತಿಯಲ್ಲಿ ಅಂಗಾಂಶದ ಪಾಠ ಮಾಡುವಾಗ ನಾನು ಮಕ್ಕಳಿಗೆ ಕಿವಿ ಮಡಚಿ ನೋಡಲು ಹೇಳುತ್ತೇನೆ. ಎಲ್ಲರೂ ಪಕ್ಕದವರ ಕಿವಿ ಮಡಚುತ್ತಾರೆ, ಗಲಾಟೆಯಾಗುತ್ತದೆ. ಮೃದ್ವಸ್ಥಿಗೆ ರಕ್ತನಾಳ ಇಲ್ಲ, ನರವೂ ಇಲ್ಲ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇನೆ. ಆ ಒಂದು ಮಾತಿನೊಳಗೆ ನನ್ನ ಇಡೀ ವರ್ಷ ಕೂತಿತ್ತು.

ಕೈ ಕೊಯ್ದುಕೊಂಡರೆ ರಕ್ತ ಬರುತ್ತದೆ, ಹೆಪ್ಪುಗಟ್ಟುತ್ತದೆ, ಅದರ ಮೇಲೆ ಹೊಸ ಚರ್ಮ ಬರುತ್ತದೆ. ಕೀಲಿನ ಕಾರ್ಟಿಲೇಜಿಗೆ ರಕ್ತವೇ ಇಲ್ಲ ಎಂದ ಮೇಲೆ ರಿಪೇರಿಗೆ ಬರುವವರು ಯಾರು? ವಿಲಿಯಂ ಹಂಟರ್ ಎಂಬ ವೈದ್ಯ 1743ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ಬರೆದಿದ್ದ. ಒಮ್ಮೆ ಹಾಳಾದರೆ ಅದು ಮತ್ತೆ ಕೂಡಿಕೊಳ್ಳುವುದಿಲ್ಲ ಎಂದು. ಇನ್ನೂರು ವರ್ಷ ಕಳೆದರೂ ಇದಕ್ಕೆ ಸರಿಯಾದ ದಾರಿ ಸಿಕ್ಕಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್ಮನ್ ಎಂಬ ಸರ್ಜನ್ ಒಂದು ಉಪಾಯ ಮಾಡಿದ. ಕಾರ್ಟಿಲೇಜ್ ಹೋದ ಜಾಗವನ್ನು ಚೊಕ್ಕ ಮಾಡಿ, ಕೆಳಗಿನ ಮೂಳೆಗೆ ಮೂರು ನಾಲ್ಕು ಮಿಲಿಮೀಟರಿಗೊಂದರಂತೆ ಸಣ್ಣ ತೂತು ಚುಚ್ಚುವುದು. ಮೂಳೆಯೊಳಗಿನ ರಕ್ತ, ಮಜ್ಜೆ ಮೇಲೆ ಬಂದು ಅಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ನಿಧಾನವಾಗಿ ಒಂದು ಬಗೆಯ ಕಾರ್ಟಿಲೇಜ್ ಆಗುತ್ತದೆ. ಅಸಲಿಯದ್ದಲ್ಲ, ನಾರು ಜಾಸ್ತಿ ಇರುವಂಥದ್ದು. ಅದರಷ್ಟು ನಯವೂ ಅಲ್ಲ, ಬಾಳಿಕೆಯೂ ಅಲ್ಲ. ಆದರೆ ಬರೀ ಮೂಳೆಗಿಂತ ವಾಸಿ. ನನಗೆ ಮಾಡಿದ್ದು ಇದನ್ನೇ.

"ಹೊಸದಾಗಿ ಸಾರಣೆ ಮಾಡಿದ ನೆಲ ಅಂತ ತಿಳ್ಕೊಳ್ಳಿ ಮಾಷ್ಟ್ರೆ. ಹಸಿ ಇರುವಾಗ ಹೆಜ್ಜೆ ಇಟ್ರೆ ಎಂತ ಆಗ್ತದೆ?" ಎಂದರು ಡಾಕ್ಟರು. ದೊಡ್ಡಮ್ಮನಿಗೆ ಹಾಕಿದ್ದು ಲೋಹ ಮತ್ತು ಪ್ಲಾಸ್ಟಿಕ್. ಅದು ಬೆಳೆಯಬೇಕಾಗಿಲ್ಲ, ಕೂರಿಸಿದ ದಿನವೇ ಭಾರ ಹೊರುತ್ತದೆ. ನನ್ನದು ಬೆಳೆಯಬೇಕು. ಇದನ್ನು ದೊಡ್ಡಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನೀನೂ ಸ್ಟೀಲಿಂದೇ ಹಾಕ್ಸಿಕೊಳ್ಬಹುದಿತ್ತಲ್ಲ" ಎಂದರು.

ಮೊದಲ ವಾರಗಳ ನೋವಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮಾತ್ರೆ ಇತ್ತು, ಐಸ್ ಇತ್ತು. ಬಾಡಿಗೆಗೆ ತಂದ ಒಂದು ಯಂತ್ರ ಮಂಚದ ಮೇಲೆ ಕೂತಿತ್ತು. ಅದರಲ್ಲಿ ಕಾಲಿಟ್ಟರೆ ಅದೇ ಮಡಚುತ್ತದೆ, ಅದೇ ಚಾಚುತ್ತದೆ, ಗಂಟೆಗಟ್ಟಲೆ. ಭಾರ ಬೀಳಬಾರದು, ಆದರೆ ಕೀಲು ಆಡುತ್ತಿರಬೇಕು, ಹೊಸ ಕಾರ್ಟಿಲೇಜಿಗೆ ಆಹಾರ ಸಿಗುವುದು ಕೀಲಿನ ದ್ರವದಿಂದ ಎಂದರು. ನನ್ನ ಕಾಲು ನನ್ನ ಅಪ್ಪಣೆ ಇಲ್ಲದೆ ಓಡಾಡುತ್ತಿತ್ತು, ನಾನು ಮಲಗಿ ಸೀಲಿಂಗ್ ಫ್ಯಾನ್ ನೋಡುತ್ತಿದ್ದೆ. ಇಂಡಿಯನ್ ಪಾಯಿಖಾನೆಗೆ ಹೋಗುವ ಮಾತೇ ಇಲ್ಲ. ಮೆಡಿಕಲ್ ಅಂಗಡಿಯಿಂದ ಕಮೋಡ್ ಕುರ್ಚಿ ಬಂತು. ಅದನ್ನು ಆಟೋದಿಂದ ಇಳಿಸುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಹಾಯಕ್ಕೆ ಬಂದ. ಮುಜುಗರ ಎಂದರೆ ಏನು ಅಂತ ಆವತ್ತು ಗೊತ್ತಾಯಿತು.

ನನ್ನ ಧೈರ್ಯ ಕೆಡಿಸಿದ್ದು ತೊಡೆ. ಫಿಸಿಯೋಥೆರಪಿ ಹುಡುಗಿ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, "ಸರ್, ಟವೆಲನ್ನು ಕೆಳಗೆ ಒತ್ತಿ" ಎಂದಳು. ಒತ್ತಿದೆ.

"ಸರ್, ಒತ್ತಿ."

"ಒತ್ತಿದೆನಲ್ಲಮ್ಮ."

"ಇಲ್ಲ ಸರ್, ಕುತ್ತಿಗೆ ಬಿಗಿ ಮಾಡ್ತಾ ಇದ್ದೀರಿ. ತೊಡೆ ಹಾಗೇ ಇದೆ."

ನೋಡಿದರೆ ಹೌದು. ಹಲ್ಲು ಕಚ್ಚಿದ್ದೇನೆ, ಮುಷ್ಟಿ ಕಟ್ಟಿದ್ದೇನೆ, ಮುಖ ಕೆಂಪಾಗಿದೆ. ತೊಡೆಯ ಮುಂಭಾಗದ ಮಾಂಸ ಮಾತ್ರ ಅಲ್ಲಾಡುತ್ತಿಲ್ಲ. ಅವಳು ನನ್ನ ಕೈ ಎತ್ತಿ ಒಳ್ಳೆಯ ಕಾಲಿನ ತೊಡೆಯ ಮೇಲೆ ಇಡಿಸಿದಳು. ಅಲ್ಲಿ ಒತ್ತು ಎಂದರೆ ತಕ್ಷಣ ಗಟ್ಟಿಯಾಗುತ್ತಿತ್ತು. ಈ ಕಡೆ ಮೆತ್ತಗೆ, ಸುಮ್ನೆ ಬಿದ್ದುಕೊಂಡಿತ್ತು. ಮಂಡಿಯೊಳಗೆ ನೀರು ತುಂಬಿ ಊದಿಕೊಂಡರೆ ಅಲ್ಲಿಂದ ಹೋಗುವ ಸುದ್ದಿಗೆ ನರಮಂಡಲ ಆ ಸ್ನಾಯುವನ್ನು ತಾನಾಗಿಯೇ ತಡೆಹಿಡಿಯುತ್ತದಂತೆ. ಛಲ ಮಾಡಿದರೂ ಅದು ಪೂರ್ತಿ ಬಿಡುವುದಿಲ್ಲ. ನಾವು ಇಪ್ಪತ್ತು ವರ್ಷ ಕುಣಿದ ತೊಡೆ ಇದು. ಇಂಚುಪಟ್ಟಿ ಸುತ್ತಿ ಅಳೆದಳು. ಎರಡು ತೊಡೆಗಳಿಗೂ ಎಷ್ಟು ವ್ಯತ್ಯಾಸ ಅಂತ ಓದಿ ಹೇಳಿದಳು. ನಾನು ಕೇಳಿಸಿಕೊಂಡಿಲ್ಲ ಎಂಬಂತೆ ಕಿಟಕಿ ಕಡೆ ನೋಡಿದೆ. ಹೆಂಡತಿ ಮಾತ್ರ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಳು, ಹಾಲಿನ ಲೆಕ್ಕದ ಪಕ್ಕದಲ್ಲಿ.

ಮುಂದೆ ಒಂದು ಬೆಳಿಗ್ಗೆ ಟವೆಲ್ ಒತ್ತಿದಾಗ ಮಂಡಿಚಿಪ್ಪಿನ ಮೇಲೆ, ಒಳಬದಿಯಲ್ಲಿ ಏನೋ ಮಿಡುಕಿತು. "ಬಂತು, ಬಂತು!" ಎಂದು ಕೂಗಿದೆ. ಅಮ್ಮ ಯಾರೋ ನೆಂಟರು ಬಂದರೆಂದು ಬಾಗಿಲಿಗೆ ಹೋದರು.

ಕೋಲು ಹಿಡಿದು ಓಡಾಡುವಷ್ಟಾಗುವಾಗ ಜೂನ್ ಬಂತು. ಕರಾವಳಿಯ ಮಳೆಗಾಲದಲ್ಲಿ ಎರಡು ಕೋಲು, ಒಂದು ಕಾಲು. ಈ ಕಷ್ಟ ಘಟ್ಟದ ಮೇಲಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಅಂಗಳದ ಕೆಂಪುಕಲ್ಲಿನ ಮೇಲೆ ಹಸಿರು ಪಾಚಿ. ತಮ್ಮ ದಾರಿಯುದ್ದಕ್ಕೂ ತೆಂಗಿನ ಮಡಲು ಹಾಸಿದ. ಮಡಲಿನ ಸಂದಿಗೆ ಕೋಲಿನ ತುದಿ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಗೋಣಿ ಹಾಸಿದ. ಗೋಣಿ ನೀರು ಕುಡಿದು ಉಬ್ಬಿತು. ಕೊಡೆ ಹಿಡಿಯಲು ಮೂರನೇ ಕೈ ಇಲ್ಲ, ಹಾಗಾಗಿ ಶಾಲೆಗೆ ರೇನ್‌ಕೋಟು. ಮೆಟ್ಟಿಲಿನ ಮಂತ್ರ ಫಿಸಿಯೋ ಹೇಳಿಕೊಟ್ಟಿದ್ದಳು. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಮೆಟ್ಟಿಲು ಹತ್ತಿ ಇಳಿಯುವಾಗ ಮಂಡಿಯ ಮೇಲೆ ಬೀಳುವುದು ನಮ್ಮ ತೂಕದ ಸುಮಾರು ಮೂರು ಪಟ್ಟು. ಒಂಬತ್ತನೇ ತರಗತಿ ಮಹಡಿ ಮೇಲಿತ್ತು. ಹೆಡ್‌ಮಾಷ್ಟ್ರು ಅದನ್ನು ಕೆಳಗೆ ತಂದರು. ಮಕ್ಕಳಿಗೆ ಮೈದಾನ ಹತ್ತಿರವಾಯಿತೆಂದು ಖುಷಿಯೋ ಖುಷಿ.

ಕೋಲು ಬಿಟ್ಟ ಮೇಲೆ ಎಲ್ಲ ಸಲೀಸು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಒಂದು ವಾರ ಚೆನ್ನಾಗಿ ನಡೆಯುವುದು, ಮುಂದಿನ ವಾರ ಕಾರಣವೇ ಇಲ್ಲದೆ ಊದುವುದು. ಡಿಗ್ರಿ ಅಳೆಯುವ ಪ್ಲಾಸ್ಟಿಕ್ ಕೋನಮಾಪಕವನ್ನು ಮಂಡಿಗಿಟ್ಟು ಫಿಸಿಯೋ ಹುಡುಗಿ ಹೇಳುವ ನಂಬರ್ ಕೇಳಲು ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನಕ್ಕಿಂತ ಜಾಸ್ತಿ ಹೆದರಿಕೆ. ಹೋದ ವಾರ ನೂರಹತ್ತು ಇದ್ದದ್ದು ಈ ವಾರ ನೂರೈದು. "ಎಂತಕ್ಕೆ?" ಎಂದರೆ "ಹಾಗೇ ಸರ್, ಆಗ್ತದೆ" ಎನ್ನುತ್ತಿದ್ದಳು. ವಿಜ್ಞಾನದ ಮಾಷ್ಟ್ರಿಗೆ ಕೊಡುವ ಉತ್ತರವಾ ಅದು? ಆದರೆ ಇಡೀ ಚಿಕಿತ್ಸೆಯಲ್ಲಿ ಅಷ್ಟು ಪ್ರಾಮಾಣಿಕವಾದ ಉತ್ತರ ನನಗೆ ಬೇರೆ ಯಾರಿಂದಲೂ ಸಿಗಲಿಲ್ಲ. ಒಳಗೆ ಬೆಳೆಯುತ್ತಿದೆಯೋ ಇಲ್ಲವೋ ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಅದಕ್ಕೆ ನರ ಇಲ್ಲವಲ್ಲ. ನೋವು ಕಡಿಮೆಯಾದರೆ ಅದು ಗಟ್ಟಿಯಾಯಿತೆಂದಲ್ಲ, ನೋವಾದರೆ ಕಿತ್ತುಹೋಯಿತೆಂದೂ ಅಲ್ಲ. ಪೂರ್ತಿ ಗಟ್ಟಿಯಾಗಲು ವರ್ಷ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ಬ್ಯಾಡ್ಮಿಂಟನ್ ಆಡುವ ಸಹೋದ್ಯೋಗಿಯೊಬ್ಬರು ಸೈನಾ ನೆಹ್ವಾಲ್ ಕಥೆ ಹೇಳಿ ಹುರಿದುಂಬಿಸಿದರು. 2016ರ ಆಗಸ್ಟಿನಲ್ಲಿ ಮಂಡಿ ಆಪರೇಷನ್, 2017ರ ಜನವರಿಯಲ್ಲಿ ಮಲೇಷ್ಯಾದಲ್ಲಿ ಕಪ್ಪು. ಕೇಳಿ ಸಂತೋಷವಾಯಿತು. ಆದರೆ ಮಂಡಿ ಆಪರೇಷನ್ ಎಂದರೆ ಎಲ್ಲರದ್ದೂ ಒಂದೇ ಅಲ್ಲ, ಮತ್ತೆ ಸೈನಾಗೆ ಎಂಟನೇ ತರಗತಿಯ ಉತ್ತರಪತ್ರಿಕೆ ತಿದ್ದುವ ಕೆಲಸ ಇರಲಿಲ್ಲ.

ಆಸಾಡಿಯಲ್ಲಿ ತಂಡದವರು ಮನೆಗೆ ಬಂದರು. ಮಳೆಗಾಲದಲ್ಲಿ ಆಟ ಇರುವುದಿಲ್ಲ, ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಅರ್ಥ ಹೇಳುವುದು, ಅಂದರೆ ಭಾಗವತರ ಪದಕ್ಕೆ ತಕ್ಕ ಮಾತನ್ನು ಅಲ್ಲೇ ಕಟ್ಟಿ ಆಡುವುದು. "ನಿಮಗೆ ಹೇಳಿ ಮಾಡ್ಸಿದ್ದು ಮಾಷ್ಟ್ರೆ" ಎಂದರು ಭಾಗವತರು. ಕೊಟ್ಟ ಪಾತ್ರ ಕೌರವ. ಯುದ್ಧದ ಕೊನೆಯ ದಿನ, ಸರೋವರದಿಂದ ಎದ್ದು ಬಂದು ತೊಡೆ ಮುರಿಸಿಕೊಳ್ಳುವ ಕೌರವ. ಹೇಳುವಾಗ ಯಾರೂ ನಗಲಿಲ್ಲ. ಗೇಟು ದಾಟಿದ ಮೇಲೆ ನಕ್ಕದ್ದು ಕೇಳಿಸಿತು.

ಒಂದೇ ತೊಡಕು. ಕೂರುವುದು ಚಾಪೆಯ ಮೇಲೆ, ಚಕ್ಕಳಮಕ್ಕಳ ಹಾಕಿ. ನನ್ನ ಮಂಡಿ ಅಲ್ಲಿಯವರೆಗೆ ಮಡಚುತ್ತಿರಲಿಲ್ಲ. ದೇವಸ್ಥಾನದ ಆಫೀಸಿನಿಂದ ಮರದ ಕೈಕುರ್ಚಿ ತಂದರು. ಕಾಲು ಚಾಚಲು ಒಂದು ಮಣೆ, ಅದರ ಕೆಳಗೆ ಇನ್ನೊಂದು. ಕೃಷ್ಣ, ಧರ್ಮರಾಯ, ಭೀಮ ಎಲ್ಲರೂ ಕೆಳಗೆ. ನಾನೊಬ್ಬ ಮೇಲೆ.

ಭೀಮನ ಅರ್ಥ ಹೇಳುವವರು ನಮ್ಮ ಪೇಟೆಯ ಜವಳಿ ಅಂಗಡಿಯವರು, ಮಾತಿನಲ್ಲಿ ಬಲು ಚುರುಕು. ಪದ ಮುಗಿದದ್ದೇ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಶುರು ಮಾಡಿದರು. "ಹದಿನೆಂಟು ದಿನ ಯುದ್ಧವಾಯಿತು. ತಮ್ಮಂದಿರು ಸತ್ತರು, ಮಕ್ಕಳು ಸತ್ತರು. ಕೌರವಾ, ಇನ್ನೂ ನೀನು ಕುರ್ಚಿ ಬಿಟ್ಟು ಕೆಳಗಿಳಿಯಲಿಲ್ಲವಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಮದ್ದಳೆಯವರು ಮದ್ದಳೆಯ ಮೇಲೆ ತಲೆಯಿಟ್ಟು ನಕ್ಕರು. ಸುಮ್ಮನಿದ್ದರೆ ಆ ರಾತ್ರಿ ಮುಗಿಯಿತು ಎಂದು ಗೊತ್ತಿತ್ತು. ನಗು ಇಳಿಯುವವರೆಗೆ ಕಾದೆ. ಆಮೇಲೆ ಮಣೆಯ ಮೇಲಿದ್ದ ಕಾಲನ್ನು ಒಂದು ಸಲ ನೋಡಿಕೊಂಡು ಹೇಳಿದೆ. "ಭೀಮಾ, ಬಂದಾಗಿನಿಂದ ನೋಡುತ್ತಿದ್ದೇನೆ, ನಿನ್ನ ಕಣ್ಣು ನನ್ನ ಕಾಲಿನ ಮೇಲೆಯೇ ಇದೆ. ಗದಾಯುದ್ಧದಲ್ಲಿ ಸೊಂಟದ ಕೆಳಗೆ ದೃಷ್ಟಿ ಹಾಯಿಸುವವನು ವೀರನೂ ಅಲ್ಲ, ಬಲರಾಮನ ಶಿಷ್ಯನೂ ಅಲ್ಲ."

ಈಗ ಚಪ್ಪಾಳೆ ನನ್ನ ಕಡೆಗೆ ಬಂತು. ಇಪ್ಪತ್ತು ವರ್ಷದಲ್ಲಿ ಮಂಡಿಯೂರಿ ತಿರುಗದೆ ನನಗೆ ಅಷ್ಟು ದೊಡ್ಡ ಚಪ್ಪಾಳೆ ಸಿಕ್ಕಿದ್ದು ಅದೇ ಮೊದಲು. ನಡುರಾತ್ರಿಯವರೆಗೆ ವಾದ ನಡೆಯಿತು. ಚಂಡೆ ಏರಿದಾಗ ಮಣೆಯ ಮೇಲಿನ ಪಾದ ತಾನಾಗಿ ತಾಳ ಹಾಕುತ್ತಿತ್ತು. ಮರುದಿನ ಮಂಡಿ ಊದಿತ್ತು. ಫಿಸಿಯೋ ಕೋನಮಾಪಕ ಇಟ್ಟು ನೂರು ಎಂದಳು. ನನಗೆ ಆ ಸಲ ಬೇಜಾರಾಗಲಿಲ್ಲ.

ಈಗ ನೂರಮೂವತ್ತರ ಹತ್ತಿರ ಬಂದು ನಿಂತಿದೆ. ಊಟದ ಪಂಕ್ತಿಯಲ್ಲಿ ಕೆಳಗೆ ಕೂರಲು ಇನ್ನೂ ಆಗುವುದಿಲ್ಲ, ಟೇಬಲ್ ಊಟದ ಕಡೆ ಹೋಗುತ್ತೇನೆ. ಹೊಸ ಎಮ್ಮಾರೈ ನೋಡಿ ಡಾಕ್ಟರು ಗುಂಡಿ ತುಂಬಿದೆ, ನಡೆಯಿರಿ, ಸೈಕಲ್ ಹೊಡೆಯಿರಿ ಎಂದರು. ಮಂಡಿಯೂರಿ ತಿರುಗುವುದನ್ನು ಕೇಳಿದರೆ ಫೈಲು ಮುಚ್ಚಿಟ್ಟು, "ಅದೊಂದು ಬಿಡಿ" ಎಂದರು. ಇದಕ್ಕೆ ನನಗೆ ಇನ್ನೂ ಸಿಟ್ಟಿದೆ. ಯಾರ ಮೇಲೆ ಅಂತ ಗೊತ್ತಿಲ್ಲ.

ಬರುವ ಸೀಸನ್ನಿಗೆ ಭಾಗವತರು ನಾರದನ ವೇಷ ಕೊಡುತ್ತೇನೆ ಎಂದಿದ್ದಾರೆ. ಕುಣಿತ ಕಡಿಮೆ, ನಿಂತು ಮಾತಾಡಿದರೆ ಸಾಕು ಅಂತ. "ಮೂರು ಲೋಕ ಸುತ್ತುವವನ ವೇಷವನ್ನು ನನಗೆ ಕೊಡ್ತೀರಲ್ಲ ಭಾಗವತ್ರೆ" ಎಂದೆ. "ಅಂವ ಸುತ್ತುವುದೆಲ್ಲ ವೇಷ ಕಟ್ಟುವ ಚೌಕಿಯ ಆಚೆ ಮಾಷ್ಟ್ರೆ, ರಂಗಸ್ಥಳಕ್ಕೆ ಬರುವಾಗ ಮುಗ್ಸಿಯೇ ಬಂದಿರ್ತಾನೆ" ಎಂದು ಡೇಟು ಬರೆದುಕೊಂಡು ಹೋದರು.