ಡೇವಿಡ್ಸನ್ ತಂಡ ಮತ್ತು ಊಟದ ಮೇಜಿನ ವಾದಗಳು

ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದಲ್ಲಿ, ಶಾರ್ಲೆಟ್ ನಗರದಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಡೇವಿಡ್ಸನ್ ಎಂಬ ಸಣ್ಣ ಊರು ಸಿಗುತ್ತದೆ. ಊರಿನ ಹೆಸರೇ ಕಾಲೇಜಿನ ಹೆಸರು. 1837ರಲ್ಲಿ ಶುರುವಾದ ಕಾಲೇಜು ಅದು. ನಾನು ಅಲ್ಲಿಗೆ ಸೇರಿದ್ದು 2006ರಲ್ಲಿ. ಆಗ ಅಲ್ಲಿದ್ದವರು ಹೆಚ್ಚುಕಮ್ಮಿ 1,700 ವಿದ್ಯಾರ್ಥಿಗಳು. ನಮ್ಮ ಮೈಸೂರಿನ ಎಷ್ಟೋ ಕಾಲೇಜುಗಳು ಅದಕ್ಕಿಂತ ದೊಡ್ಡವು. ಆದರೂ ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ ಆಡುತ್ತಿದ್ದದ್ದು ಹತ್ತಾರು ಸಾವಿರ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯಗಳ ಜೊತೆ, ಒಂದೇ ದರ್ಜೆಯಲ್ಲಿ.

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಪಿಯು ಕಾಲೇಜಿನವರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಆ ತಂಡವೇ. ಕಾರಣ ಇದೆ. ಬ್ಯಾಸ್ಕೆಟ್‌ಬಾಲ್ ಹುಚ್ಚು ನನಗೆ ಹತ್ತಿದ್ದು ಇದೇ ಕಾಲೇಜಿನ ಹಿಂದಿನ ಸಿಮೆಂಟ್ ಕೋರ್ಟಿನಲ್ಲಿ, ನಮ್ಮ ಪಿ.ಟಿ. ಮೇಷ್ಟ್ರ ಸೀಟಿ ಕೇಳುತ್ತಾ. ಆದರೆ ಆಟ ನೋಡುವುದನ್ನು ನಾನು ಕಲಿತದ್ದು ಡೇವಿಡ್ಸನ್‌ನಲ್ಲಿ. ಆ ಕೋರ್ಟಿನಲ್ಲಿ ಈಗ ಆಡುತ್ತಿರುವ ನಿಮಗೆ ಅದನ್ನು ಹೇಳಬೇಕು ಅನ್ನಿಸಿತು.

ನಾನು ಸೇರಿದ ವರ್ಷವೇ ಸ್ಟೀಫನ್ ಕರ್ರಿ ಕೂಡ ಸೇರಿದ. ಈಗ ಆ ಹೆಸರು ಗೊತ್ತಿಲ್ಲದ ಬ್ಯಾಸ್ಕೆಟ್‌ಬಾಲ್ ಹುಡುಗರೇ ಇಲ್ಲ. ಆಗ ಹಾಗಿರಲಿಲ್ಲ. ಅಪ್ಪ ಡೆಲ್ ಕರ್ರಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಟಗಾರನಾಗಿದ್ದರೂ ಮಗನನ್ನು ದೊಡ್ಡ ವಿಶ್ವವಿದ್ಯಾಲಯಗಳು ಕರೆಯಲಿಲ್ಲ. ತೀರಾ ಸಣಕಲು, ಎತ್ತರ ಸಾಲದು ಅಂತ. ಅಪ್ಪ ಆಡಿದ್ದ ವರ್ಜೀನಿಯಾ ಟೆಕ್ ಕೂಡ ಸ್ಕಾಲರ್‌ಶಿಪ್ ಕೊಡಲು ಒಪ್ಪಲಿಲ್ಲ. ಬಾ ಅಂದದ್ದು ನಮ್ಮ ಕೋಚ್ ಬಾಬ್ ಮಕಿಲಪ್. 1989ರಿಂದ ಡೇವಿಡ್ಸನ್‌ನಲ್ಲೇ ಇದ್ದವರು ಅವರು.

ಕರ್ರಿಯ ಮೊದಲ ಕಾಲೇಜು ಪಂದ್ಯ ಈಸ್ಟರ್ನ್ ಮಿಷಿಗನ್ ವಿರುದ್ಧ. ಅವತ್ತು ಅವನು 13 ಸಲ ಚೆಂಡು ಕಳೆದುಕೊಂಡ. ಬೇರೆ ಕೋಚ್ ಆಗಿದ್ದರೆ ಮಾರನೇ ಪಂದ್ಯಕ್ಕೆ ಬೆಂಚಿನ ಮೇಲೆ ಕೂರಿಸುತ್ತಿದ್ದರೇನೋ. ಮಕಿಲಪ್ ಮತ್ತೆ ಆಡಿಸಿದರು. ಮಿಷಿಗನ್ ವಿರುದ್ಧ ಹುಡುಗ 32 ಪಾಯಿಂಟ್ ಗಳಿಸಿದ. ಆ ವರ್ಷ 122 ತ್ರೀ-ಪಾಯಿಂಟರ್ (ದೂರದ ಗೆರೆಯ ಹೊರಗಿನಿಂದ ಎಸೆದು ಮೂರು ಪಾಯಿಂಟ್ ತರುವ ಬುಟ್ಟಿ) ಹಾಕಿದ. ಮೊದಲ ವರ್ಷದ ಯಾವ ಆಟಗಾರನೂ ಅಲ್ಲಿಯವರೆಗೆ ಅಷ್ಟು ಹಾಕಿರಲಿಲ್ಲ.

ನಮ್ಮ ಊಟದ ಮನೆಯ ಹೆಸರು ವೇಲ್ ಕಾಮನ್ಸ್. ಅಲ್ಲಿನ ಉದ್ದ ಮೇಜುಗಳಲ್ಲಿ ಕೂತು ನಾವು ಮಾಡುತ್ತಿದ್ದ ವಾದಗಳೇ ನನ್ನ ಕಾಲೇಜು ದಿನಗಳ ದೊಡ್ಡ ಸುಖ. ಗಣಿತ ಓದುವವರು, ಇತಿಹಾಸ ಓದುವವರು, ಹುಡುಗಿಯರು, ಹುಡುಗರು, ಕೆಲವೊಮ್ಮೆ ಒಬ್ಬಿಬ್ಬರು ಪ್ರೊಫೆಸರುಗಳೂ ಸೇರಿಕೊಳ್ಳುತ್ತಿದ್ದರು. ಯಾರು ಯಾರ ಬದಲಿಗೆ ಆಡಬೇಕು? ಬೆಂಚಿನಿಂದ ಯಾರು ಮೊದಲು ಏಳಬೇಕು? ಕರ್ರಿಗೆ ಇಬ್ಬರು ಅಡ್ಡ ನಿಂತರೆ ತ್ರೀ ಹಾಕುವವರು ಯಾರು? ತಟ್ಟೆ ಖಾಲಿಯಾದ ಮೇಲೂ ಯಾರೂ ಏಳುತ್ತಿರಲಿಲ್ಲ.

ಎಲ್ಲರೂ ಕರ್ರಿಯ ಕೈ ನೋಡುತ್ತಿದ್ದರು. ಚೆಂಡು ಎಷ್ಟು ಬೇಗ ಕೈ ಬಿಡುತ್ತದೆ ಅಂತ. ನನ್ನ ರೂಮ್‌ಮೇಟ್ ಇಂಡಿಯಾನಾ ರಾಜ್ಯದವನು. ಬ್ಯಾಸ್ಕೆಟ್‌ಬಾಲ್ ನೋಡುತ್ತಲೇ ಬೆಳೆದವನು. ಅವನು ಒಂದು ದಿನ ಹೇಳಿದ: ‘ಮುಂದಿನ ಪಂದ್ಯದಲ್ಲಿ ಚೆಂಡನ್ನು ನೋಡಬೇಡ. ಕರ್ರಿಯ ಕಾಲು ನೋಡು. ಆಮೇಲೆ ಅವನಿಗೆ ದಾರಿ ಮಾಡಿಕೊಡುವವರನ್ನು ನೋಡು.’ ಹಾಗೆ ನೋಡಿದೆ. ಆಟವೇ ಬೇರೆ ಥರ ಕಾಣಿಸಿತು.

ಕರ್ರಿ ಮೊದಲ ಎರಡು ವರ್ಷ ಬಹಳ ಹೊತ್ತು ಚೆಂಡಿಲ್ಲದೆ ಓಡುತ್ತಿದ್ದ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಅವನ ಬೆನ್ನು ಹತ್ತಿದ ಎದುರಾಳಿ ದಾರಿಯಲ್ಲಿ ನಮ್ಮ ತಂಡದ ಥಾಮಸ್ ಸ್ಯಾಂಡರ್‌ಗೋ ಆಂಡ್ರ್ಯೂ ಲವ್‌ಡೇಲ್‌ಗೋ ಡಿಕ್ಕಿ ಹೊಡೆಯಬೇಕು. ಅದಕ್ಕೇ ಅವರು ಅಲ್ಲಿ ಕಂಬದ ಹಾಗೆ ನಿಂತಿರುತ್ತಿದ್ದರು. ಆಟದ ಭಾಷೆಯಲ್ಲಿ ಸ್ಕ್ರೀನ್. ಆ ಡಿಕ್ಕಿಯಿಂದ ಕರ್ರಿಗೆ ಸಿಗುವುದು ಅರ್ಧ ಸೆಕೆಂಡ್. ಅದೇ ಅರ್ಧ ಸೆಕೆಂಡಿಗೆ ಚೆಂಡು ಅವನ ಎದೆಯ ಹತ್ತಿರ ಬಂದಿರಬೇಕು. ತಡವಾದರೆ ಕೆಟ್ಟಿತು. ಮೊಣಕಾಲಿನ ಎತ್ತರಕ್ಕೆ ಬಂದರೂ ಕೆಟ್ಟಿತು.

ಆ ಚೆಂಡು ಕೊಡುತ್ತಿದ್ದವನು ಜೇಸನ್ ರಿಚರ್ಡ್ಸ್. ನಮ್ಮ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು. 2007–08ರಲ್ಲಿ ಇಡೀ ದೇಶದಲ್ಲಿ ಸರಾಸರಿ ಅತಿ ಹೆಚ್ಚು ಅಸಿಸ್ಟ್ (ಇನ್ನೊಬ್ಬರ ಬುಟ್ಟಿಗೆ ದಾರಿ ಮಾಡಿದ ಪಾಸ್) ಅವನದೇ, ಪಂದ್ಯಕ್ಕೆ 8ಕ್ಕೂ ಜಾಸ್ತಿ. ಕರ್ರಿ ಆ ವರ್ಷ ಹಾಕಿದ ತ್ರೀಗಳು 162. ಒಂದೇ ಸೀಸನ್ನಿನಲ್ಲಿ ಹಿಂದಿನ ದಾಖಲೆ 158 ಇತ್ತು, 1987ರದ್ದು. ರಿಚರ್ಡ್ಸ್‌ನ ಅಸಿಸ್ಟ್, ಕರ್ರಿಯ ತ್ರೀ, ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆ ಪುಟದಲ್ಲಿ ಬರೆಯುವುದೇ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಮದುವೆ ಊಟದಲ್ಲಿ ಪಂಕ್ತಿಯ ಮೇಲೆ ಕಣ್ಣಿಟ್ಟು, ಯಾರ ಎಲೆಗೆ ಯಾವಾಗ ಏನು ಬೇಕು ಅಂತ ಕೇಳದೆಯೇ ತಿಳಿದು ಬಡಿಸುವವರು ಇರುತ್ತಾರಲ್ಲ, ರಿಚರ್ಡ್ಸ್ ಹಾಗೆ.

ಆ ಸೀಸನ್ ಶುರುವಾದಾಗ ಊಟದ ಮನೆಯಲ್ಲಿ ಸಂತೋಷ ಇರಲಿಲ್ಲ. ಬೇಕಂತಲೇ ದೊಡ್ಡ ತಂಡಗಳ ಜೊತೆ ಪಂದ್ಯ ಹಾಕಿಕೊಂಡಿದ್ದರು. ನಾರ್ತ್ ಕೆರೊಲೈನಾ ಎದುರು 4 ಪಾಯಿಂಟಿನಿಂದ ಸೋತೆವು. ಡ್ಯೂಕ್ ಎದುರು 6 ಪಾಯಿಂಟಿನಿಂದ. ಯುಸಿಎಲ್‌ಎ ಎದುರೂ ಸೋಲು. ಎನ್‌ಸಿ ಸ್ಟೇಟ್ ಎದುರಂತೂ ಒಂದೇ ಒಂದು ಪಾಯಿಂಟ್. ಹತ್ತು ಪಂದ್ಯ ಮುಗಿದಾಗ ಗೆಲುವು 4, ಸೋಲು 6. ‘ಈ ತಂಡಕ್ಕೆ ಎತ್ತರ ಸಾಲದು’ ಅಂತ ಒಬ್ಬರು. ‘ಕರ್ರಿ ಜಾಸ್ತಿ ಎಸೆಯುತ್ತಾನೆ’ ಅಂತ ಇನ್ನೊಬ್ಬರು. ಬೆಂಚಿನ ಹುಡುಗ ಬ್ರಯಂಟ್ ಬಾರ್‌ಗೆ ಇನ್ನಷ್ಟು ನಿಮಿಷ ಕೊಡಬೇಕು ಅನ್ನುವುದು ನನ್ನ ವಾದವಾಗಿತ್ತು. ಅವನೂ ಒಳ್ಳೆಯ ಶೂಟರ್. ಅವನು ಕೋರ್ಟಿನಲ್ಲಿದ್ದರೆ ಎದುರಾಳಿಗಳು ಕರ್ರಿಯ ಮೇಲೆ ಇಬ್ಬರನ್ನು ಬಿಡುವ ಮೊದಲು ಯೋಚಿಸಬೇಕಾಗುತ್ತಿತ್ತು.

ಆಮೇಲೆ ತಂಡ ಸೋಲಲೇ ಇಲ್ಲ. ನಾವು ಆಗ ಇದ್ದ ಸದರ್ನ್ ಕಾನ್ಫರೆನ್ಸ್ ಎಂಬ ಕಾಲೇಜು ಲೀಗಿನ 20 ಪಂದ್ಯಕ್ಕೆ 20 ಗೆದ್ದೆವು. ಕಾಲೇಜುಗಳ ಎನ್‌ಸಿಎಎ ರಾಷ್ಟ್ರೀಯ ಟೂರ್ನಿಗೆ ಹೋಗುವಾಗ ಸತತ 22 ಗೆಲುವು ಕೈಯಲ್ಲಿತ್ತು.

ಅಲ್ಲಿ ಡೇವಿಡ್ಸನ್ ಕೊನೆಯ ಸಲ ಒಂದು ಪಂದ್ಯ ಗೆದ್ದದ್ದು 1969ರಲ್ಲಿ. ಊರಿನ ಹಿರಿಯರಿಗೆ ಅದು ಬಾಯಿಪಾಠ. ಲೆಫ್ಟಿ ಡ್ರೀಸೆಲ್ ಎಂಬ ಕೋಚ್ ಇದ್ದ ಕಾಲ ಅದು. ಕಾಲೇಜಿನ ಕ್ರೀಡಾಂಗಣ ಬೆಲ್ಕ್ ಅರೀನಾದಲ್ಲಿ ನಮ್ಮ ಪಕ್ಕ ಕೂರುತ್ತಿದ್ದ ಒಬ್ಬ ಅಜ್ಜ ಆ ಕಾಲದ ಪಂದ್ಯಗಳನ್ನು ನಿನ್ನೆ ನಡೆದವೇನೋ ಎಂಬಂತೆ ಹೇಳುತ್ತಿದ್ದರು. ಅವರ ಮಾತು ಕೇಳಿದ ಮೇಲೆ ನಮಗೂ ಆಸೆ ಹುಟ್ಟಿತ್ತು. ಒಂದಾದರೂ ಗೆಲ್ಲಬೇಕು ಅಂತ.

ಮೊದಲು ಗೊನ್ಜಾಗಾ. ಕರ್ರಿ 40 ಪಾಯಿಂಟ್, ಹತ್ತು ತ್ರೀ ಎಸೆದು ಎಂಟು ಒಳಗೆ. ಪತ್ರಿಕೆಗಳೆಲ್ಲ ಇದನ್ನೇ ಬರೆದವು. ನಮ್ಮ ಮೇಜಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾತಾದದ್ದು ಮಾತ್ರ ಒಂದು ರಿಬೌಂಡ್ ಬಗ್ಗೆ. 74–74 ಸಮ ಇತ್ತು. ನಮ್ಮವರ ಒಂದು ಎಸೆತ ತಪ್ಪಿತು. ನೈಜೀರಿಯಾದ ಲವ್‌ಡೇಲ್ ಎದುರಾಳಿಗಳ ನಡುವೆ ನುಗ್ಗಿ ಚೆಂಡು ಹಿಡಿದು ಹೊರಗೆ ಕರ್ರಿಗೆ ಕೊಟ್ಟ. ತ್ರೀ ಬಿತ್ತು. ಪಂದ್ಯ ನಮ್ಮ ಕಡೆ ವಾಲಿತು. ಲವ್‌ಡೇಲ್ ಆ ಚೆಂಡು ಹಿಡಿಯದಿದ್ದರೆ ಆ 40ರ ಕಥೆಯನ್ನು ಇವತ್ತು ಯಾರು ಹೇಳುತ್ತಿದ್ದರು?

ಎರಡು ದಿನ ಬಿಟ್ಟು ಜಾರ್ಜ್‌ಟೌನ್. ದೇಶದ ಬಲಿಷ್ಠ ತಂಡಗಳಲ್ಲಿ ಒಂದು, ಮಧ್ಯದಲ್ಲಿ ಏಳಡಿಗೂ ಎತ್ತರದ ರಾಯ್ ಹಿಬರ್ಟ್. 17 ಪಾಯಿಂಟ್ ಹಿಂದೆ ಬಿದ್ದಿದ್ದೆವು. ಕರ್ರಿಗೆ ಮೊದಲರ್ಧದಲ್ಲಿ ಬರೀ 5. ದ್ವಿತೀಯಾರ್ಧದಲ್ಲಿ 25 ಬಂತು. 74–70ಕ್ಕೆ ಗೆದ್ದೆವು. ರಿಚರ್ಡ್ಸ್ ತಾನೂ 20 ಗಳಿಸಿದ್ದ.

ಮುಂದಿನ ಪಂದ್ಯ ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡಿನಲ್ಲಿ. ಕಾಲೇಜಿನ ಆಡಳಿತ ಮಂಡಳಿ ಒಂದು ಮಾತು ಹೇಳಿತು: ಹೋಗಲು ಇಷ್ಟ ಇರುವ ವಿದ್ಯಾರ್ಥಿಗಳ ಬಸ್ಸು, ಹೋಟೆಲ್, ಟಿಕೆಟ್ ಎಲ್ಲ ನಮ್ಮ ಖರ್ಚು. ಕೈಯಲ್ಲಿ ದುಡ್ಡಿಲ್ಲದ ಹೊರದೇಶದ ವಿದ್ಯಾರ್ಥಿ ನಾನು. ಆ ಸುದ್ದಿ ಕೇಳಿ ಕುಣಿದಾಡಿದ್ದೆ. ಕೆಂಪು ಬಟ್ಟೆ ತೊಟ್ಟವರಿಂದ ತುಂಬಿದ ಬಸ್ಸುಗಳು ಸಾಲಾಗಿ ಉತ್ತರಕ್ಕೆ ಹೊರಟವು. ದಾರಿಯುದ್ದಕ್ಕೂ ಮತ್ತದೇ ವಾದ. ವಿಸ್ಕಾನ್ಸಿನ್ ಡಿಫೆನ್ಸ್ ದೇಶದಲ್ಲೇ ಗಟ್ಟಿ, ಅವರ ಮುಂದೆ ನಮ್ಮ ಶೂಟಿಂಗ್ ನಡೆಯುತ್ತಾ?

ನಡೆಯಿತು. 73–56. ಕರ್ರಿ 33, ರಿಚರ್ಡ್ಸ್‌ನ ಅಸಿಸ್ಟ್ 13. ಕ್ರೀಡಾಂಗಣದಲ್ಲಿ 50 ಸಾವಿರಕ್ಕೂ ಹೆಚ್ಚು ಜನ. ಲೆಬ್ರಾನ್ ಜೇಮ್ಸ್ ಬಂದು ಕೂತಿದ್ದ. ನಮ್ಮ ಬೆಲ್ಕ್ ಅರೀನಾದಲ್ಲಿ ಕೂರುವುದೇ ಐದು ಸಾವಿರ ಜನ.

ಮಾರ್ಚ್ 30, ಕ್ಯಾನ್ಸಸ್. ಗೆದ್ದರೆ ಕೊನೆಯ ನಾಲ್ಕು ತಂಡಗಳಲ್ಲಿ ಒಂದು. ಅವತ್ತು ಕರ್ರಿಯ ಕೈಗೆ ಆಟ ಸುಲಭವಾಗಿ ಬರಲಿಲ್ಲ. 25 ಎಸೆತಗಳಲ್ಲಿ 9 ಮಾತ್ರ ಒಳಗೆ. ಬೆಂಚಿನಿಂದ ಬಂದ ಬಾರ್ ತ್ರೀ ಹಾಕಿ ತಂಡವನ್ನು ಹಿಡಿದು ನಿಲ್ಲಿಸಿದ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಕೊನೆಗೆ 59–57. ನಾವು ಎರಡು ಪಾಯಿಂಟ್ ಹಿಂದೆ, ಚೆಂಡು ನಮ್ಮದು, ಉಳಿದದ್ದು ಕೆಲವೇ ಸೆಕೆಂಡ್. ಕರ್ರಿಯ ಮೇಲೆ ಇಬ್ಬರು ಬಿದ್ದರು. ಅವನು ರಿಚರ್ಡ್ಸ್‌ಗೆ ಕೊಟ್ಟ. ರಿಚರ್ಡ್ಸ್ ದೂರದಿಂದ ಎಸೆದ. ಬೀಳಲಿಲ್ಲ.

ಕರ್ರಿಯೇ ಎಸೆಯಬೇಕಿತ್ತು ಅಂತ ಎಷ್ಟೋ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಇಬ್ಬರು ಮೈಮೇಲೆ ಬಂದಾಗ ಖಾಲಿ ಇರುವವನಿಗೆ ಚೆಂಡು ಕೊಡು ಅಂತ ವರ್ಷವಿಡೀ ಆಡಿದ ತಂಡ ಅದು. ಆ ಆಟದಿಂದಲೇ ಸತತ 25 ಗೆದ್ದಿದ್ದರು. ಕೊನೆಯ ಚೆಂಡಿಗೆ ಮಾತ್ರ ಅದನ್ನು ಮರೆಯಬೇಕಿತ್ತಾ? ಕ್ಯಾನ್ಸಸ್ ಮುಂದೆ ಚಾಂಪಿಯನ್ ಆಯಿತು.

ಆ ಬೇಸಿಗೆಯಲ್ಲಿ ರಿಚರ್ಡ್ಸ್, ಸ್ಯಾಂಡರ್, ಬೋರಿಸ್ ಮೆನೋ ಓದು ಮುಗಿಸಿ ಹೊರಟರು. ಮೂರು ಜನ. ಸಣ್ಣ ಕಾಲೇಜಿಗೆ ಅದು ದೊಡ್ಡ ಏಟು. ದೊಡ್ಡ ವಿಶ್ವವಿದ್ಯಾಲಯಕ್ಕೆ ಒಬ್ಬ ಹೋದರೆ ಅಷ್ಟೇ ಹೆಸರುಳ್ಳ ಇನ್ನೊಬ್ಬ ಸಿಗುತ್ತಾನೆ. ನಮ್ಮಲ್ಲಿ ಒಬ್ಬ ಆಟಗಾರ ತಯಾರಾಗಲು ಮೂರು ವರ್ಷ ಬೇಕು. ಕರ್ರಿ ತಾನೇ ಪಾಯಿಂಟ್ ಗಾರ್ಡ್ ಆದ. ಅವನ ಅಸಿಸ್ಟ್ ಪಂದ್ಯಕ್ಕೆ 2.9 ಇದ್ದದ್ದು 5.6 ಆಯಿತು. ಪಾಯಿಂಟ್ ಸರಾಸರಿ 28.6, ದೇಶಕ್ಕೇ ಮೊದಲು. ಆದರೆ ತ್ರೀ ಬೀಳುವ ಪ್ರಮಾಣ ಶೇಕಡಾ 43.9ರಿಂದ 38.7ಕ್ಕೆ ಇಳಿಯಿತು.

ಇದರ ಮೇಲೆ ನಾವು ಮಾಡಿದಷ್ಟು ವಾದ ಬೇರೆ ಯಾವುದರ ಮೇಲೂ ಮಾಡಿಲ್ಲ. ಅದೇ ವರ್ಷ ಕಾಲೇಜು ಪುರುಷರ ಆಟದಲ್ಲಿ ತ್ರೀ-ಪಾಯಿಂಟ್ ಗೆರೆಯನ್ನು ಒಂದು ಅಡಿ ಹಿಂದಕ್ಕೆ ತಂದಿದ್ದರು. 19 ಅಡಿ 9 ಇಂಚು ಇದ್ದದ್ದು 20 ಅಡಿ 9 ಇಂಚು. ‘ಗೆರೆಯೇ ಕಾರಣ’ ಅಂತ ರೂಮ್‌ಮೇಟ್. ನನಗೆ ಹಾಗೆ ಅನ್ನಿಸಲಿಲ್ಲ. ಕರ್ರಿ ಮೊದಲೇ ಗೆರೆಯಿಂದ ಎಷ್ಟೋ ಹಿಂದೆ ನಿಂತು ಎಸೆಯುತ್ತಿದ್ದವನು. ಬದಲಾದದ್ದು ಚೆಂಡು ಸಿಗುವ ರೀತಿ. ಮೊದಲು ಸ್ಕ್ರೀನ್ ಸುತ್ತಿ ಬಂದು, ಸಿಕ್ಕ ಕೂಡಲೇ ಎಸೆಯುತ್ತಿದ್ದ. ಈಗ ತಾನೇ ಚೆಂಡು ತಂದು, ಇಬ್ಬರನ್ನು ದಾಟಿ, ಸುಸ್ತಾಗಿ ಎಸೆಯಬೇಕಿತ್ತು.

ಆ ವರ್ಷದ ನವೆಂಬರಿನಲ್ಲಿ ಒಂದು ಪಂದ್ಯ ನಡೆಯಿತು. ಮೇರಿಲ್ಯಾಂಡಿನ ಲಯೋಲಾ ತಂಡ ಇಡೀ ಪಂದ್ಯ ಕರ್ರಿಯ ಮೇಲೆ ಇಬ್ಬರನ್ನು ಬಿಟ್ಟಿತು. ಅವನು ಏನು ಮಾಡಿದ ಗೊತ್ತಾ? ಇಬ್ಬರನ್ನೂ ಕರೆದುಕೊಂಡು ಹೋಗಿ ಮೂಲೆಯಲ್ಲಿ ನಿಂತ. ನಮ್ಮಲ್ಲಿ ಉಳಿದವರು ನಾಲ್ಕು, ಅವರಲ್ಲಿ ಮೂರು. ಕರ್ರಿ ಗಳಿಸಿದ್ದು ಸೊನ್ನೆ. ಡೇವಿಡ್ಸನ್ ಗೆದ್ದದ್ದು 78–48. ದೇಶದ ಅತಿ ದೊಡ್ಡ ಸ್ಕೋರರ್ ಸುಮ್ನೆ ನಿಂತು ತಂಡವನ್ನು 30 ಪಾಯಿಂಟಿನಿಂದ ಗೆಲ್ಲಿಸಿದ. ನಿಮ್ಮಲ್ಲಿ ಯಾರಾದರೂ ಪ್ರತಿ ಚೆಂಡೂ ತನಗೇ ಬೇಕು ಅನ್ನುವವರಿದ್ದರೆ ಈ ಪಂದ್ಯದ ಕಥೆಯನ್ನು ಅವರಿಗೆ ಓದಿ ಹೇಳಿ.

ಆ ಸೀಸನ್ ಚೆನ್ನಾಗಿ ಮುಗಿಯಲಿಲ್ಲ. ಕಾನ್ಫರೆನ್ಸ್ ಟೂರ್ನಿಯ ಸೆಮಿಫೈನಲ್‌ನಲ್ಲಿ ಕಾಲೇಜ್ ಆಫ್ ಚಾರ್ಲ್ಸ್‌ಟನ್‌ಗೆ ಸೋತೆವು. ರಾಷ್ಟ್ರೀಯ ಟೂರ್ನಿಗೆ ಕರೆ ಬರಲಿಲ್ಲ. 2009ರಲ್ಲಿ ಕರ್ರಿ ಓದು ಅರ್ಧಕ್ಕೆ ಬಿಟ್ಟು ಎನ್‌ಬಿಎಗೆ ಹೋದ.

ಪದವಿ ಮುಗಿಸದವರ ಜೆರ್ಸಿಯನ್ನು ಡೇವಿಡ್ಸನ್ ಕಾಲೇಜು ಗೌರವಕ್ಕಾಗಿ ಅರೀನಾದಲ್ಲಿ ಎತ್ತರಕ್ಕೆ ತೂಗುಹಾಕುವುದಿಲ್ಲ. ಎಂಥ ದೊಡ್ಡ ಆಟಗಾರನಾದರೂ ಅಷ್ಟೇ. ಕರ್ರಿ ಎನ್‌ಬಿಎಯಲ್ಲಿ ಎಲ್ಲ ಗೆದ್ದ ಮೇಲೂ ಆ ನಿಯಮ ಸಡಿಲ ಆಗಲಿಲ್ಲ. ಈ ವಿಷಯದಲ್ಲಿ ನನ್ನ ಕಾಲೇಜಿನ ಬಗ್ಗೆ ನನಗೆ ತುಂಬಾ ಹೆಮ್ಮೆ. ಕೊನೆಗೆ ಅವನು ಉಳಿದ ಓದು ಮುಗಿಸಿ 2022ರಲ್ಲಿ ಪದವಿ ಪಡೆದ. ಆ ಆಗಸ್ಟಿನಲ್ಲಿ ಬೆಲ್ಕ್ ಅರೀನಾದಲ್ಲಿ 30ನೇ ನಂಬರಿನ ಜೆರ್ಸಿ ಮೇಲೇರಿತು. ಮಕಿಲಪ್ ನಿವೃತ್ತರಾದದ್ದೂ ಅದೇ ವರ್ಷ. ಈಗ ಅವರ ಮಗ ಮ್ಯಾಟ್ ಕೋಚ್.

ನಾವು ಹಳೆಯ ಮೇಜಿನವರು ಬೇರೆ ಬೇರೆ ಊರಿನಲ್ಲಿದ್ದೇವೆ. ಆ ಸಮಾರಂಭವನ್ನು ಎಲ್ಲರೂ ವಿಡಿಯೋ ಕರೆಯಲ್ಲಿ ಸೇರಿ ನೋಡಿದೆವು. ಬೆಂಗಳೂರಿನಲ್ಲಿ ಆಗ ಬೆಳಗಿನ ಜಾವ. ಮುಗಿದ ಮೇಲೂ ಯಾರೂ ಕರೆ ಕಟ್ ಮಾಡಲಿಲ್ಲ. ರೂಮ್‌ಮೇಟ್ ಈಗಲೂ ಗೆರೆಯೇ ಕಾರಣ ಅನ್ನುತ್ತಾನೆ. ನಾನು ರಿಚರ್ಡ್ಸ್ ಅಂದೆ. ಇನ್ನೊಬ್ಬಳು, ಇಬ್ಬರೂ ಸ್ಯಾಂಡರ್‌ನನ್ನು ಮರೆತಿದ್ದೀರಿ, ಅವನಷ್ಟು ಒಳ್ಳೆಯ ಸ್ಕ್ರೀನ್ ಮುಂದಿನ ವರ್ಷ ಯಾರು ಹಾಕಿದರು ಹೇಳಿ ಅಂದಳು. ಅವಳ ಮಾತಿನಲ್ಲಿ ಸತ್ಯ ಇದೆ. 2009ರ ಪಂದ್ಯಗಳನ್ನು ಈಗ ಮತ್ತೆ ಒಂದೊಂದಾಗಿ ನೋಡುತ್ತಿದ್ದೇನೆ, ಈ ಸಲ ಸ್ಕ್ರೀನ್‌ಗಳನ್ನು ಮಾತ್ರ.