ತಾತನ ಬೆಂಝ್ ಲಾರಿ: ಟಿಪ್ಪರ್ ಗುದ್ದಿದ ಮೇಲೆ ಆದ ಕೆಲ್ಸ

ಹೋದ್ಸಲ ಬರ್ದಾಗ ಇಂಜಿನ್ ಸ್ಟಾರ್ಟ್ ಆಯ್ತು, ಇನ್ನು ಪೇಂಟ್ ಒಂದು ಬಾಕಿ, ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೆ ಟ್ರೈಲರ್ ಮೇಲಾದ್ರೂ ಹಾಕ್ಕೊಂಡ್ ಹೋಗಿ ನಿಲ್ಲಿಸ್ತೀನಿ ಅಂತ ಹೇಳಿದ್ದೆ. ಆಗ್ಲಿಲ್ಲ. ಜಾತ್ರೆಯಲ್ಲಿ ದನ ಕಟ್ಟಿದ್ದೂ ಆಯ್ತು ಬಿಚ್ಕೊಂಡ್ ಹೋಗಿದ್ದೂ ಆಯ್ತು, ನಮ್ ಲಾರಿ ಮಾತ್ರ ತುಮಕೂರು ಅಂತರಸನಹಳ್ಳಿ ಶೆಡ್ಡಲ್ಲಿ ಮುಂದಿನ ಎರಡೂ ಚಕ್ರ ಬಿಚ್ಚಿಸ್ಕೊಂಡು ಸ್ಟ್ಯಾಂಡ್ ಮೇಲೆ ನಿಂತಿತ್ತು. ಸುಮಾರು ಜನ ಏನಾಯ್ತು ಅಂತ ಕೇಳ್ತಾನೇ ಇದ್ರು, ನಂಗೆ ಬರಿಯೋಕೆ ಮನ್ಸೇ ಬಂದಿರ್ಲಿಲ್ಲ, ಈಗ ಒಂದು ಹಂತಕ್ಕೆ ಬಂದಿದೆ ಅದಕ್ಕೆ ಬರೀತಿದೀನಿ.

ಹೊಸಬ್ರಿಗೆ ಒಂದೆರಡು ಮಾತು. ಗಾಡಿ 1966ರ ಟಾಟಾ ಮರ್ಸಿಡಿಸ್ ಬೆಂಝ್ 1210, ಮುಂದೆ ಉದ್ದ ಬಾನೆಟ್ ಇರೋದು. 12 ಅಂದ್ರೆ ಲೋಡ್ ಸೇರಿ 12 ಟನ್, 10 ಅಂದ್ರೆ ನೂರು ಹಾರ್ಸ್‌ಪವರ್ ಆಸುಪಾಸು. ಟಾಟಾದ ಲಾರಿ ಕಂಪ್ನಿ ಟೆಲ್ಕೋದವ್ರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಝ್ ಜೊತೆ 15 ವರ್ಷಕ್ಕೆ ಒಪ್ಪಂದ ಮಾಡ್ಕೊಂಡಿದ್ರು, 1969ಕ್ಕೆ ಅದು ಮುಗೀತು, ಆಮೇಲೆ ಗ್ರಿಲ್ ಮೇಲಿದ್ದ ಬೆಂಝ್‌ನ ಮೂರು ಕಾಲಿನ ಸ್ಟಾರ್ ಗುರ್ತು ಹೋಗಿ ಟಾಟಾದ ಟಿ ಬಂತು. ನಮ್ದು ಸ್ಟಾರ್ ಕಾಲದ್ದು. ನಂಬರ್ ಪ್ಲೇಟು ಎಂವೈ ಇಂದ ಶುರುವಾಗುತ್ತೆ, ಇನ್ನೂ ಮೈಸೂರು ರಾಜ್ಯ ಅಂತ ಇದ್ದಾಗಿನ ನಂಬರು. ತಾತ ಇದನ್ನ 1972ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ತಿಪಟೂರಿಂದ ಕೊಬ್ರಿ, ಶಿರಾ ಕಡೆಯಿಂದ ಕಡ್ಲೆಕಾಯಿ ಹೊಡೀತಿದ್ರು, 1990ರಲ್ಲಿ ತೋಟದ ಮನೆ ಪಕ್ಕ ಹುಣಸೆ ಮರದ ಕೆಳಗೆ ನಿಲ್ಸಿದ್ದು ಅಲ್ಲೇ ಉಳ್ಕೊಂಡಿತ್ತು.

ಈಗ ಗುದ್ದಿದ ವಿಷ್ಯ. ಪೇಂಟಿಗೆ ಮುಂಚೆ ಅಡಿ ಎಲ್ಲಾ ಡೀಸಲ್ ಹಾಕಿ ಉಜ್ಜಿ ಪ್ರೆಶರ್ ವಾಟರ್ ಹೊಡೀಬೇಕಿತ್ತು, ಅದಕ್ಕೆ ಗಾಡಿನ ಶೆಡ್ಡಿಂದ ಆಚೆ ತಳ್ಕೊಂಡ್ ಬಂದ್ವಿ, ಸಾಯಂಕಾಲ ವಾಪಸ್ ಒಳಗೆ ಹಾಕೋಣ ಅಂದ್ರೆ ಆ ಜಾಗಕ್ಕೆ ಯಾವುದೋ ಸ್ಕೂಲ್ ಬಸ್ಸು ಬಂದು ನಿಂತಿತ್ತು, ಸರಿ ಒಂದು ರಾತ್ರಿ ತಾನೇ ಅಂತ ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು ಟಾರ್ಪಲ್ ಹೊದಿಸಿ ಮನೆಗೆ ಹೋದೆ. ರಾತ್ರಿ 11:30ಕ್ಕೆ ವಾಚ್‌ಮನ್ ಫೋನು. ಎಂ ಸ್ಯಾಂಡ್ ತುಂಬಿದ ಟಿಪ್ಪರ್ ತಿರುವಲ್ಲಿ ಅಗಲವಾಗಿ ಕಟ್ ಮಾಡ್ದೆ ಒಳಗೆ ತಗೊಂಡು ಎಡಗಡೆ ಮುಂದಿನ ಮೂಲೆಗೆ ಕೊಟ್ಟಿದಾನೆ. ನಾನು ಹೋಗಿ ಮೊಬೈಲ್ ಟಾರ್ಚ್ ಬಿಟ್ಟು ನೋಡ್ದಾಗ ಎಡಗಡೆ ಮಡ್‌ಗಾರ್ಡು ಮಡ್ಚಿದ ಬಾಳೆ ಎಲೆ ತರ ಟೈರ್ ಮೇಲೆ ಕೂತಿತ್ತು, ಬಂಪರ್ ಒಳಗೆ ಹೋಗಿತ್ತು, ರೇಡಿಯೇಟರ್ ಹಿಂದಕ್ಕೆ ಬಂದು ಫ್ಯಾನಿಗೆ ಒತ್ಕೊಂಡಿತ್ತು, ಹಸಿರು ಕೂಲೆಂಟ್ ಟಾರ್ ಮೇಲೆ ಹರ್ದಿತ್ತು. ಅವತ್ತು ಅತ್ತುಬಿಟ್ಟೆ ನಾನು. ಎರಡೂವರೆ ವರ್ಷದ ಭಾನುವಾರಗಳು ಅದು.

ಟಿಪ್ಪರ್ ಪಾರ್ಟಿ ಹೆಸ್ರು ಬೇಡ. ಸ್ಟೇಷನ್ ವರೆಗೂ ಹೋಯ್ತು, ಕೊನೆಗೆ ಕೂತು ಮಾತಾಡಿ 35,000 ಕೊಟ್ರು, ಆಗಿರೋ ಖರ್ಚಿಗೆ ಅರ್ಧಕ್ಕೂ ಬರಲ್ಲ, ಆದ್ರೆ ಕೋರ್ಟು ಕಚೇರಿ ಅಂತ ಅಲಿಯೋ ಟೈಮಲ್ಲಿ ನಾಲ್ಕು ಬೋಲ್ಟ್ ಬಿಗಿ ಮಾಡ್ಬಹುದು ಅಂತ ಒಪ್ಕೊಂಡೆ.

ಮಾರನೇ ದಿನದಿಂದ ಸಲಹೆಗಳು. ಗುಜರಿಯಲ್ಲಿ ಎಸ್‌ಇ ಮಾಡೆಲ್ ಕ್ಯಾಬಿನ್ ಸಿಗುತ್ತೆ ಎತ್ತಿ ಕೂರ್ಸು ಅಂದ್ರು ಒಬ್ರು, ಫೈಬರ್ ಮಡ್‌ಗಾರ್ಡ್ ಮಾಡ್ಸು ಅಂದ್ರು ಇನ್ನೊಬ್ರು. ನಂಗೆ ಎರಡೂ ಬೇಡ. ಎಸ್‌ಇದು ಮುಖಾನೇ ಬೇರೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಸ್ವಂತ ಬಳಕೆ ಗಾಡಿಗಳಿಗೆ ವಿಂಟೇಜ್ ರಿಜಿಸ್ಟ್ರೇಶನ್ ಅಂತ ನಿಯಮ ತಂತಲ್ಲ, ಅದ್ರಲ್ಲೂ ಚಾಸಿ (ಗಾಡಿನ ಹೊತ್ತಿರೋ ಅಡಿಯ ಕಬ್ಬಿಣದ ಚೌಕಟ್ಟು), ಬಾಡಿ, ಇಂಜಿನ್ ಬದಲಾಯ್ಸಿರಬಾರ್ದು, ಮೂಲ ರೂಪದಲ್ಲೇ ಇರ್ಬೇಕು ಅಂತ ಇದೆ. ಗೂಡ್ಸ್ ಲಾರಿ ಪೇಪರ್ ದಾರಿ ಬೇರೆ, ಆ ಗೋಳು ಇನ್ನೊಂದ್ ದಿನ ಬರೀತೀನಿ, ಆದ್ರೆ ಆ ಮಾತು ನಂಗೆ ಸರಿ ಅನ್ಸುತ್ತೆ. ತಾತ ಕೈಯಿಟ್ಟ ತಗಡೇ ಬೇಕು ನಂಗೆ, ಎಷ್ಟೇ ಸುಕ್ಕಾಗಿದ್ರೂ.

ನಮ್ ಮೇಸ್ತ್ರಿ ಚಾಚಾಗೆ 70 ದಾಟಿದೆ, ಹುಡ್ಗ ಆಗಿದ್ದಾಗ ಇಂಥ ಗಾಡಿಗಳ ಮೇಲೇ ಕೆಲ್ಸ ಕಲ್ತವ್ರು. ಮಡ್‌ಗಾರ್ಡ್ ಕಡೆ ತಿರುಗಿ ಕೂಡ ನೋಡ್ಲಿಲ್ಲ. "ತಗಡು ಆಮೇಲೆ ಬೇಟಾ, ಮೊದ್ಲು ಚಾಸಿ ನೋಡು, ಚಾಸಿ ಸರಿ ಇಲ್ದೆ ಮುಖ ತಿದ್ದಿ ಏನ್ ಮಾಡ್ತೀಯ" ಅಂದ್ರು. ಮೊದ್ಲು ಬಲಗಡೆ ಮುಂದಿನ ಹಬ್ (ಚಕ್ರದ ನಡು) ಸೆಂಟರಿಂದ ಹಿಂದಿನ ಹಬ್ ಸೆಂಟರ್‌ಗೆ ಟೇಪ್ ಹಿಡಿದ್ವಿ, ಆಮೇಲೆ ಎಡಗಡೆ. ಎಡಗಡೆ 14 ಮಿಲಿಮೀಟರ್ ಕಮ್ಮಿ. ಟಿಪ್ಪರ್ ಬಂಪರ್ ನೇರ ಚಕ್ರಕ್ಕೇ ಬಿದ್ದಿದೆ, ಹಿಂದಿನ ಚಕ್ರಕ್ಕೆ ನಾವು ಕಲ್ಲು ಕೊಟ್ಟಿದ್ರಿಂದ ಗಾಡಿ ಹಿಂದಕ್ಕೆ ಉರುಳಿಲ್ಲ, ಆ ಪೆಟ್ಟೆಲ್ಲಾ ಆಕ್ಸಲ್ ಮೇಲೆ ಹೋಗಿ ಸ್ಪ್ರಿಂಗ್ ಪ್ಲೇಟ್‌ಗಳನ್ನ ಆಕ್ಸಲ್ ಮೇಲೆ ಹಿಡ್ದಿರೋ ಸೆಂಟರ್ ಬೋಲ್ಟ್ ಕಟ್ಟಾಗಿ ಆಕ್ಸಲ್ ಹಿಂದಕ್ಕೆ ಜಾರಿದೆ. ಬಿಚ್ಚಿದಾಗ ಬೋಲ್ಟು ಚಾಕುವಲ್ಲಿ ಕೊಯ್ದಂಗೆ ಎರಡು ತುಂಡು. ಮೇನ್ ಪ್ಲೇಟ್ ಸೀಳಿಲ್ಲ, ಮುಂದಿನ ಚಕ್ರ ತಿರುಗೋ ಕಿಂಗ್ ಪಿನ್ ಸರಿ ಇದೆ, ಮುಂದಿನ ಎರಡೂ ಚಕ್ರ ಜೋಡಿಸೋ ಟೈ ರಾಡ್ ಮಾತ್ರ ಬಿಲ್ಲಾಗಿತ್ತು. ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್ ಹಾಕಿ ಮತ್ತೆ ಅಳತೆ ಹಿಡಿದ್ರೆ 14 ಹೋಗಿ 4ಕ್ಕೆ ನಿಂತಿತು.

ಆ 4 ಮಿಲಿಮೀಟರ್ ನಮ್ಮನ್ನ ಮೂರು ವಾರ ಆಡಿಸ್ತು.

ಗಾರೆ ಕೆಲ್ಸದವ್ರ ತೂಕದ ಗುಂಡು ತಂದು ಚಾಸಿಯ ಮುಂದಿನ ಸ್ಪ್ರಿಂಗ್ ಬ್ರಾಕೆಟ್ ಪಿನ್ನಿಂದ, ಹಿಂದಿನ ಬ್ರಾಕೆಟ್ ಪಿನ್ನಿಂದ, ಎರಡೂ ಕಡೆ ದಾರ ಇಳಿಬಿಟ್ಟು ನೆಲದ ಮೇಲೆ ಚಾಕ್ ಪೀಸಲ್ಲಿ ಗುರ್ತು ಹಾಕಿದ್ವಿ. ಗುಂಡು ಅಲ್ಲಾಡೋದು ನಿಲ್ಲೋ ತನಕ ಫ್ಯಾನ್ ಆಫ್ ಮಾಡಿ ಉಸಿರು ಬಿಗಿ ಹಿಡ್ಕೊಂಡು ಕೂರ್ಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಕತ್ರಿ ಆಕಾರದಲ್ಲಿ ಎರಡು ಅಳತೆ, ಎರಡೂ ಒಂದೇ ಬಂದ್ರೆ ಚಾಸಿ ಚೌಕ ಇದೆ, ಬರ್ದಿದ್ರೆ ಪೆಟ್ಟು ತಿಂದು ಓರೆ ಆಗಿದೆ ಅಂತ ಅರ್ಥ. ನಮ್ದು 6 ಮಿಲಿಮೀಟರ್ ವ್ಯತ್ಯಾಸ. ಟಿಂಕರಿಂಗ್ ಅಣ್ಣ ಗ್ಯಾಸ್ ಹಚ್ಚಿ ಕಾಯಿಸಿ ಎಳೆದ್ರೆ ಹತ್ ನಿಮಿಷದ ಕೆಲ್ಸ ಅಂದ, ಚಾಚಾ ಗ್ಯಾಸ್ ಟಾರ್ಚ್ ಕೈಯಿಂದ ಕಿತ್ಕೊಂಡು ಆ ಕಡೆ ಇಟ್ರು, ಚಾಸಿ ಕಬ್ಬಿಣ ಕೆಂಪಗೆ ಕಾಯಿಸಿದ್ರೆ ಅದ್ರ ಬಿಗಿ ಹೋಗುತ್ತೆ, ಲೋಡ್ ಬಿದ್ದಾಗ ಅಲ್ಲೇ ಬಾಗುತ್ತೆ, ತಣ್ಣಗೇ ಎಳೀಬೇಕು ಅಂತ. ಚೈನ್ ಹಾಕಿ, ನೆಲದಲ್ಲಿರೋ ಕೊಕ್ಕೆಗೆ ಕಟ್ಟಿ, ಮಧ್ಯ 20 ಟನ್ ಜಾಕ್ ಕೊಟ್ಟು ಎಳೆಯೋದು, ಎಳೆದಾಗ ಸರಿ ಕಾಣುತ್ತೆ, ಜಾಕ್ ಬಿಟ್ಟ ತಕ್ಷಣ ಮತ್ತೆ ಅಲ್ಲೇ. ಮೂರು ಭಾನುವಾರ ಇದೇ. ಮೂರನೇ ವಾರ ಸಾಯಂಕಾಲ ನಾನು ಟೂಲ್ ಬಾಕ್ಸ್ ಮುಚ್ಚಿ ಇನ್ನು ನನ್ ಕೈಲಾಗಲ್ಲ ಚಾಚಾ ಅಂದುಬಿಟ್ಟೆ. ಅವ್ರು ಏನೂ ಅನ್ಲಿಲ್ಲ, ಹೋಗಿ ಟೀ ತರ್ಸಿದ್ರು.

ನಾಲ್ಕನೇ ವಾರ ಚೈನ್ ಕೊಕ್ಕೆ ಇನ್ನೊಂದು ಕಡೆ ಹಾಕೋಣ ಅಂತ ಎಡಗಡೆ ಚಾಸಿಯ ಒಳಮೈಯಲ್ಲಿ ಮೆತ್ಕೊಂಡಿದ್ದ ಗ್ರೀಸು ಮಣ್ಣು ಉಳಿಯಲ್ಲಿ ಕೆರೀತಿದ್ದೆ. ಅರ್ಧ ಇಂಚು ದಪ್ಪ ಇತ್ತು, ಪ್ರೆಶರ್ ವಾಟರ್‌ಗೂ ಹೋಗಿರ್ಲಿಲ್ಲ, ಗಟ್ಟಿ ಬೆಲ್ಲದ ಹಂಗೆ ಹೆಂಟೆ ಹೆಂಟೆಯಾಗಿ ಬೀಳ್ತಿತ್ತು. ಅದ್ರ ಕೆಳಗೆ ಒಂದು ಪಟ್ಟಿ. ಕಾಲು ಇಂಚಿನ ಪ್ಲೇಟು, ಒಂದೂವರೆ ಮೊಳ ಉದ್ದ, ಚಾಸಿಗೆ ಒಳಗಡೆಯಿಂದ ಕೂರ್ಸಿ ಎಂಟು ಬೋಲ್ಟ್ ಹಾಕಿ ಬಿಗಿದಿದಾರೆ. ಕಂಪ್ನಿ ಕೆಲ್ಸ ಅಲ್ಲ, ಕಂಪ್ನಿದೆಲ್ಲಾ ಗುಂಡು ತಲೆ ರಿವೆಟ್ಟು, ಇದು ಆರು ಮೂಲೆ ಬೋಲ್ಟು, ಅದ್ರಲ್ಲೂ ಎರಡು ಬೋಲ್ಟ್ ಬೇರೆ ಸೈಜು. ಚಾಚಾ ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿ, "ಇದು ನಮ್ ಟಿಪ್ಪರ್ ಮಾಡಿದ್ದಲ್ಲ ಬೇಟಾ, ಇದು ಹಳೇ ಗಾಯ, ನಿಮ್ಮಪ್ಪನ್ನ ಕೇಳು" ಅಂದ್ರು.

ಫೋಟೋ ತೆಗ್ದು ಮನೆಗೆ ಹೋಗಿ ಅಪ್ಪಂಗೆ ತೋರಿಸ್ದೆ. ಅಪ್ಪ ತುಂಬಾ ಹೊತ್ತು ನೋಡಿದ್ರು. 1979ರಲ್ಲಿ ಶಿರಾದಿಂದ ಕಡ್ಲೆಕಾಯಿ ತುಂಬ್ಕೊಂಡು ರಾತ್ರಿ ಬರ್ತಿದ್ರಂತೆ, ಕಳ್ಳಂಬೆಳ್ಳ ಹತ್ರ ದೀಪ ಇಲ್ದಿರೋ ಎತ್ತಿನಗಾಡಿ ಅಡ್ಡ ಬಂತಂತೆ, ತಾತ ಎತ್ತು ಉಳಿಸೋಕೆ ಎಡಕ್ಕೆ ತಿರುಗ್ಸಿ ರೋಡ್ ಪಕ್ಕದ ಹುಣಸೆ ಮರಕ್ಕೆ ಕೊಟ್ಟಿದಾರೆ. ಅಪ್ಪಂಗೆ ಆಗ 14, ಕ್ಲೀನರ್ ಸೀಟಲ್ಲಿ ನಿದ್ದೆ ಮಾಡ್ತಿದ್ರಂತೆ. ಅಪ್ಪನ ಗದ್ದದ ಕೆಳಗಿನ ಗೆರೆ ನಾನು ಹುಟ್ಟಿದಾಗಿಂದ ನೋಡಿದೀನಿ, ಚಿಕ್ಕೋನಿದ್ದಾಗ ಬಿದ್ದಿದ್ದು ಅಂತ ಮಾತ್ರ ಹೇಳ್ತಿದ್ರು. "ಅವತ್ತಿಂದ ಗಾಡಿ ಸ್ವಲ್ಪ ಎಡಕ್ಕೆ ಎಳೀತಿತ್ತು ಕಣೋ, ನಿಮ್ಮ ತಾತ ಯಾವಾಗ್ಲೂ ಸ್ಟೀರಿಂಗ್ ಒಂಚೂರು ಬಲಕ್ಕೆ ಹಿಡ್ಕೊಂಡೇ ಓಡಿಸ್ತಿದ್ರು, ನಾನು ಕಲ್ತಿದ್ದೂ ಹಂಗೇನೆ." ಎಡಗಡೆ ಅಳತೆ ಕಮ್ಮಿ ಇದ್ರೆ ಗಾಡಿ ಎಡಕ್ಕೇ ಎಳೆಯೋದು. ಅಂದ್ರೆ ನಾವು ಮೂರು ವಾರ ಎಳೆದು ತೆಗಿಯೋಕೆ ನೋಡಿದ್ದು 1979ರ ಪೆಟ್ಟನ್ನ. ಅದಾದ ಮೇಲೆ ಗಾಡಿ 11 ವರ್ಷ ಲೋಡ್ ಹೊತ್ತಿದೆ.

ಆ 4 ಮಿಲಿಮೀಟರ್ ಬಿಟ್ಟಿದೀವಿ. ಪ್ಲೇಟ್ ಬಿಚ್ಚಿ ಕೆಳಗೆ ಸೀಳು ಇದೆಯಾ ಅಂತ ಸೀಮೆಎಣ್ಣೆ ಸವರಿ ಒರೆಸಿ ಸುಣ್ಣದ ಪುಡಿ ಹಚ್ಚಿ ನೋಡಿದ್ವಿ, ಸೀಳಿದ್ರೆ ಎಣ್ಣೆ ಗೆರೆಯಾಗಿ ಮೇಲಕ್ಕೆ ಬರುತ್ತೆ, ಏನೂ ಬರ್ಲಿಲ್ಲ. ಅದೇ ಪ್ಲೇಟ್ ವಾಪಸ್ ಕೂರ್ಸಿ ತೂತುಗಳನ್ನ ರೀಮರ್ ಹಾಕಿ ಸರಿ ಮಾಡಿ ಎಂಟೂ 10.9 ಗ್ರೇಡ್ ಹೈ ಟೆನ್ಸೈಲ್ ಬೋಲ್ಟ್ ಹಾಕಿದ್ವಿ. ಲೋಡ್ ಹಾಕೋ ಗಾಡಿ ಆಗಿದ್ರೆ ನಾನು ಬಿಡ್ತಿರ್ಲಿಲ್ಲ, ಪೂರ್ತಿ ಬಿಚ್ಚಿಸಿ ಚಾಸಿ ಕೆಲ್ಸದವ್ರಿಗೇ ಕಳಿಸ್ತಿದ್ದೆ, ನೀವೂ ಕಳ್ಸಿ.

ಇನ್ನು ತಗಡು. ಟಿಂಕರಿಂಗ್ ಅಣ್ಣಂಗೆ ಚಾಸಿ ವಿಷ್ಯದಲ್ಲಿ ನಾನು ಒಪ್ಲಿಲ್ಲ ನಿಜ, ಆದ್ರೆ ಮಡ್‌ಗಾರ್ಡ್ ಅವನ ಕೈಗೆ ಕೊಟ್ಟ ಮೇಲೆ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಎರಡು ದಿನ ನೋಡ್ದೆ. ಪೆಟ್ಟು ಬಿದ್ದ ತಗಡು ಬರೀ ಒಳಗೆ ಹೋಗಿರಲ್ಲ, ಹಿಗ್ಗಿರುತ್ತೆ, ಸುತ್ತಿಗೆಯಲ್ಲಿ ಬಡಿದು ವಾಪಸ್ ತಂದ್ರೆ ಆ ಹೆಚ್ಚಾಗಿರೋದು ಎಲ್ಲೋ ಒಂದು ಕಡೆ ಉಬ್ಬಿ ನಿಲ್ಲುತ್ತೆ, ಒತ್ತಿದ್ರೆ ಡಬಕ್ ಅಂತ ಆಕಡೆ ಈಕಡೆ ಹಾರುತ್ತೆ. ಅವನು ಉಬ್ಬಿನ ಮೇಲೆ ಒಂದು ರೂಪಾಯಿ ಕಾಯಿನ್ ಅಷ್ಟಗಲ ಮಾತ್ರ ಗ್ಯಾಸಲ್ಲಿ ಕೆಂಡದ ಬಣ್ಣಕ್ಕೆ ಕಾಯಿಸ್ತಾನೆ, ಕೆಳಗೆ ಕಬ್ಬಿಣದ ದಿಮ್ಮಿ ಹಿಡ್ದು ಸುತ್ತ ನಾಲ್ಕು ಸಣ್ಣ ಪೆಟ್ಟು, ಮಧ್ಯಕ್ಕೆ ಒಂದು, ತಕ್ಷಣ ಒದ್ದೆ ಗೋಣಿ ಒತ್ತುತಾನೆ, ಚುಂಯ್ ಅಂತ ಹೊಗೆ ಬರುತ್ತೆ, ತಗಡು ಅಲ್ಲಿಗೆ ಸೆಳ್ಕೊಂಡು ಬಿಗಿಯಾಗುತ್ತೆ. ಹಂಗೆ 40ಕ್ಕೂ ಜಾಸ್ತಿ ಕಡೆ. ಕಣ್ಣಲ್ಲಿ ನೋಡಲ್ಲ ಅವನು, ಗ್ಲೌಸ್ ಹಾಕ್ಕೊಂಡು ಅಂಗೈ ಸವರಿ ನೋಡ್ತಾನೆ. ಕೊನೆಗೆ ಪುಟ್ಟಿ ಒಂದು ತೆಳು ಕೋಟ್ ಅಷ್ಟೇ ಬೇಕಾಗಿದ್ದು. ಇಂಥ ಕೈ ಕೆಲ್ಸ ಕಲಿಯೋರು ಈಗ ಯಾರೂ ಬರ್ತಿಲ್ಲ ಅಂತ ಅವನೇ ಹೇಳ್ದ, ಅವನ ಮಗ ಬೆಂಗ್ಳೂರಲ್ಲಿ ಡೆಲಿವರಿ ಕೆಲ್ಸ ಮಾಡ್ತಾನಂತೆ.

ರೇಡಿಯೇಟರ್ ಬೇಗ ಆಯ್ತು. ಮೇಲ್ಗಡೆ ಹಿತ್ತಾಳೆ ಟ್ಯಾಂಕ್ ಉಳೀತು, ತಾಮ್ರದ ಕೋರ್ ಹೊಸದು ಹಾಕಿ ಬೆಸುಗೆ ಮಾಡಿ 9,500 ತಗೊಂಡ್ರು. ಫ್ಯಾನ್ ಬ್ಲೇಡ್ ಎರಡು ಬಾಗಿತ್ತು, ನೇರ ಮಾಡ್ಸಿದೀವಿ. ಇಂಜಿನ್‌ಗೆ ಏನೂ ಆಗಿಲ್ಲ, ಅದೊಂದು ದೇವ್ರ ದಯೆ.

ಸ್ಟಾರ್ ವಿಷ್ಯ ಹೇಳ್ಲೇಬೇಕು. ಕಂಪ್ನಿ ಸ್ಟಾರ್ ಯಾವ ಕಾಲದಲ್ಲೋ ಯಾರೋ ಕದ್ದು, ತಾತ ಹಿತ್ತಾಳೆಯಲ್ಲಿ ಎರಕ ಹುಯ್ಸಿ ಹಾಕಿಸಿದ್ರು, ಸ್ವಲ್ಪ ದಪ್ಪ, ಮೂರು ಕಾಲೂ ಒಂದೇ ಉದ್ದ ಇಲ್ಲ. ಗುದ್ದಿದ ರಾತ್ರಿ ಅದ್ರ ಒಂದು ಕಾಲು ಮುರ್ದು ಎಲ್ಲೋ ಹಾರಿತ್ತು. ನಾನು ಜಲ್ಲಿ ಎಲ್ಲಾ ಜಾಲಾಡ್ದೆ, ಸಿಗ್ಲಿಲ್ಲ. ಎರಡು ದಿನ ಬಿಟ್ಟು ಟೀ ಅಂಗಡಿ ಹುಡ್ಗ ಬಂದು ಅಣ್ಣ ಇದು ನಿಮ್ದಾ ನೋಡಿ ಅಂತ ಅಂಗೈ ಬಿಚ್ಚಿದ, ಚರಂಡಿಯಲ್ಲಿ ಹೊಳೀತಿತ್ತಂತೆ. ಬ್ರೇಝಿಂಗ್ ಬೆಸುಗೆ ಮಾಡ್ಸಿದೀನಿ. ಜಾಯಿಂಟ್ ಗೆರೆ ಕಾಣುತ್ತೆ, ಉಜ್ಜಿ ಅಳಿಸ್ಬೇಡಿ ಅಂತ ಹೇಳಿದೀನಿ.

ಹೋದ ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ಕೊಂಡು ಅಪ್ಪನ್ನ ಶೆಡ್ಡಿಗೆ ಕರ್ಕೊಂಡ್ ಬಂದೆ. ಈ ಇಂಜಿನ್ನಿಗೆ ಸ್ಟಾರ್ಟ್ ಮಾಡೋ ಮುಂಚೆ ಹೀಟರ್ ಪ್ಲಗ್ ಕಾಯಿಸ್ಬೇಕು, ಆರೂ ಸೀರೀಸಲ್ಲಿ ಒಂದರ ಹಿಂದೆ ಒಂದು ಇರೋದ್ರಿಂದ ಒಂದು ಸುಟ್ರೆ ಆರೂ ಕಾಯಲ್ಲ, ಅದಕ್ಕೆ ಮೊದ್ಲೇ ಚೆಕ್ ಮಾಡಿಟ್ಟಿದ್ದೆ. ಅಪ್ಪ ನಾನು ಹೇಳೋಕೆ ಮುಂಚೆನೇ ಸ್ವಿಚ್ ತಿರುಗ್ಸಿ ಹಿಡ್ಕೊಂಡು ಮನಸ್ಸಲ್ಲೇ ಎಣಿಸ್ತಿದ್ರು, ತುಟಿ ಅಲ್ಲಾಡ್ತಿತ್ತು. ಎರಡನೇ ಸಲಕ್ಕೆ ಹಿಡೀತು. ಅರ್ಧ ಗಂಟೆ ಓಡಿಸಿದ್ವಿ, ಒಂದು ತೊಟ್ಟು ನೀರು ಲೀಕ್ ಇಲ್ಲ. ಆಮೇಲೆ ಅಪ್ಪ ಫಸ್ಟ್ ಗೇರ್ ಹಾಕಿ ಕಾಂಪೌಂಡ್ ಒಳಗೆ ಗೇಟ್ ತನಕ ತಂದ್ರು. ನಾನು ಫುಟ್‌ಬೋರ್ಡ್ ಮೇಲೆ ನಿಂತಿದ್ದೆ. ಸ್ಟೀರಿಂಗ್ ಒಂಚೂರು ಬಲಕ್ಕೆ ಹಿಡ್ದಿದ್ರು.

ಈ ತಿಂಗ್ಳು ಪ್ರೈಮರ್, ಆಯುಧ ಪೂಜೆಗೆ ಬಾಳೆಕಂದು ಕಟ್ಟಿ ನಿಲ್ಲಿಸ್ಬೇಕು ಅಂತ ಇದೆ. ಎಡಗಡೆ ಹೆಡ್‌ಲೈಟ್ ರಿಂಗ್ ಒಂದು ಸಿಕ್ತಿಲ್ಲ, ಬೆಂಗ್ಳೂರು ಜೆಸಿ ರೋಡಲ್ಲಿ ಎರಡು ಸಲ ಸುತ್ತಿ ಬಂದೆ. ಯಾರ ತೋಟದಲ್ಲಾದ್ರೂ ಈ ಮಾಡೆಲ್ ಹಳೇ ಗಾಡಿ ನಿಂತಿದ್ರೆ ದಯವಿಟ್ಟು ಹೇಳಿ, ರಿಂಗ್ ಡೊಂಕಾಗಿದ್ರೂ ಪರ್ವಾಗಿಲ್ಲ, ನೇರ ಮಾಡೋ ಕೈ ನಮ್ ಹತ್ರ ಇದೆ.