ಮೂಡಿಗೆರೆ ಮಳೆಯಲ್ಲಿ ಒಂದು ಕಪ್ಪು ಬಿಯರ್

ಹತ್ತು ದಿನದಿಂದ ಮಳೆ ಬಿಟ್ಟಿಲ್ಲ. ಅರೇಬಿಕಾ ಕಾಫಿ ಗಿಡಗಳಿಗೆ ಕೊಳೆರೋಗ ಬಂದೀತು ಅಂತ ದಿನಾ ಬೆಳಿಗ್ಗೆ ತೋಟ ಸುತ್ತುವುದು, ಸಂಜೆ ಒದ್ದೆ ಬಟ್ಟೆ ಒಲೆ ಹತ್ತಿರ ಒಣಗಿಸುವುದು, ಇಷ್ಟೇ ಆಗಿದೆ. ಶನಿವಾರ ಮೈದುನ ಬೆಂಗಳೂರಿನಿಂದ ಬಂದ. ಬ್ಯಾಗಿನಲ್ಲಿ ಪೇಪರ್ ಸುತ್ತಿದ ಆರು ಕ್ಯಾನ್. ಒಂದು ಚಿಕ್ಕ ಬ್ರೂವರಿಯವರು ಮಾಡಿದ ಸ್ಟೌಟ್ ಅನ್ನುವ ಕಪ್ಪು ಬಿಯರ್ ಮೂರು, ಗೋಧಿ ಬಿಯರ್ ಮೂರು.

"ಅತ್ತಿಗೆ, ಕಪ್ಪಿಂದು ನೀವೇ ಮೊದಲು ಕುಡಿದು ಹೇಳಿ. ಕಾಫಿಯವರ ಮೂಗು ಬೇಕು" ಎಂದ.

ನನಗೆ ಕಾಫಿ ಕಪ್ಪಿಂಗ್ ಗೊತ್ತು. ಚಮಚದಲ್ಲಿ ತೆಗೆದು ಸೊರ್ ಎಂದು ಹೀರಿ, ನಾಲಿಗೆ ಮೇಲೆಲ್ಲ ಹರಡಿ, ಉಗಿಯುವುದು. ನಮ್ಮ ತೋಟದ ಕಾಫಿಯ ಗುಣ, ದೋಷ ಎರಡನ್ನೂ ಹಾಗೇ ಕಲಿತೆ. ಬಿಯರ್ ಮಾತ್ರ ಉಗಿಯಲಿಲ್ಲ.

ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿದೆ. ತಣ್ಣಗೆ, ಕಹಿ, ಅಷ್ಟೇ. ನಿರಾಸೆ ಆಯಿತು. ಅರ್ಧ ಲೋಟ ಜಗಲಿ ಮೇಲೆ ಬಿಟ್ಟು ಕಡುಬು ಬೇಯಿಸಲು ಒಳಗೆ ಹೋದೆ. ಅರ್ಧ ಗಂಟೆ ಕಳೆದು ಬಂದು ಒಂದು ಗುಟುಕು ಕುಡಿದರೆ ಬೇರೆಯದೇ ಬಿಯರ್! ಮೊದಲು ಹುರಿದ ಕಾಫಿ. ಅದರ ಹಿಂದೆ ಬೆಲ್ಲದ ಪಾಕ ಸ್ವಲ್ಪ ಹೆಚ್ಚು ಕಾಸಿದಾಗ ಬರುವ ಘಮ. ಕೊನೆಗೆ ಕೋಕೋ ಪುಡಿಯ ಒಣ ಕಹಿ. ಕಾಫಿಯೂ ಹೀಗೇ ಅಲ್ವಾ? ಬಿಸಿ ಬಿಸಿ ಇರುವಾಗ ನಾಲಿಗೆಗೆ ಏನೂ ಸರಿಯಾಗಿ ಸಿಗುವುದಿಲ್ಲ, ಆರುತ್ತಾ ಬಂದ ಹಾಗೆ ರುಚಿ ಬಿಚ್ಚಿಕೊಳ್ಳುತ್ತದೆ. ಬಿಯರ್ ಆ ಕಡೆಯಿಂದ ಬರುತ್ತದೆ, ಚಳಿ ಬಿಟ್ಟ ಮೇಲೆ ಮಾತಾಡುತ್ತದೆ.

ಅತ್ತೆ ಲೋಟ ಮೂಸಿ, "ಕಾಫಿ ಹುರಿಯೋ ಡಬ್ಬದ ವಾಸನೆ" ಎಂದರು. ಆದರೆ ಈ ಕ್ಯಾನ್‌ಗೆ ಒಂದು ಬೀಜ ಕಾಫಿಯನ್ನೂ ಹಾಕಿಲ್ಲ. ಅದೆಲ್ಲ ಹುರಿದ ಬಾರ್ಲಿಯ ಕೆಲಸ. ಅತ್ತೆ ಹೇಳಿದ್ದು ಇನ್ನೊಂದು ಲೆಕ್ಕದಲ್ಲೂ ಸರಿ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟ್ ಹುರಿಯುವುದಕ್ಕೆ ಪೇಟೆಂಟ್ ಪಡೆದದ್ದು ಕಾಫಿ ಹುರಿಯುವ ಯಂತ್ರದಂಥದ್ದೇ ಒಂದು ತಿರುಗುವ ಡ್ರಮ್‌ಗೆ. ಮಾಲ್ಟ್ ಅಂದರೆ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಬಾರ್ಲಿ. ಅದನ್ನು ಆ ಡ್ರಮ್ಮಿನಲ್ಲಿ ಕಪ್ಪಾಗುವ ತನಕ ಹುರಿದರೆ, ಸ್ವಲ್ಪ ಹಾಕಿದರೂ ಸಾಕು, ಇಡೀ ಬಿಯರ್ ಕಪ್ಪು. ನಮ್ಮ ಮನೆ ಹಿಂದಿನ ಡಬ್ಬಕ್ಕೂ ಆ ಡ್ರಮ್ಮಿಗೂ ನೆಂಟಸ್ತಿಕೆ ಇದೆ ಅಂತ ತಿಳಿದು ಅತ್ತೆಗೆ ಖುಷಿಯಾಯಿತು.

ಭಾನುವಾರ ಗೋಧಿ ಬಿಯರ್ ತೆಗೆದೆವು. ಬೆಲ್ಜಿಯಂ ಶೈಲಿಯದು, ಮಬ್ಬು ಮಬ್ಬು ಬಿಳಿ. ಕೊತ್ತಂಬರಿ ಬೀಜ, ಕಹಿ ಕಿತ್ತಳೆಯ ಒಣ ಸಿಪ್ಪೆ ಹಾಕುತ್ತಾರೆ. ಹೂಗಾರ್ಡನ್ ಅನ್ನುವ ಊರಿನಲ್ಲಿ ಈ ಬಗೆಯ ಬಿಯರ್ ನಿಂತೇ ಹೋಗಿತ್ತಂತೆ. 1966ರಲ್ಲಿ ಪಿಯರ್ ಸೆಲಿಸ್ ಅನ್ನುವ ಹಾಲು ಮಾರುವವರು ಮತ್ತೆ ಶುರು ಮಾಡಿದರು. ನನಗೆ ಅವರ ಬಗ್ಗೆ ತುಂಬಾ ಗೌರವ. ಒಂದು ಊರಿನ ರುಚಿಯನ್ನು ಒಬ್ಬ ಮನುಷ್ಯ ಉಳಿಸಿದ್ದು ಸಣ್ಣ ಕೆಲಸವಲ್ಲ. ನನ್ನ ಲೋಟದಲ್ಲಿ ಬಂದದ್ದು ಮಾತ್ರ ಹೇರಳೆಕಾಯಿ ಗೊಜ್ಜಿನ ಘಮ. ಕಳಲೆ ಪಲ್ಯದ ಜೊತೆ ಚೆನ್ನಾಗಿ ಹೊಂದಿತು.

ಜರ್ಮನ್ ಗೋಧಿ ಬಿಯರ್ ಬೇರೆ ದಾರಿ. ಅದನ್ನು ಮೊದಲು ಕುಡಿದದ್ದು ಬೆಂಗಳೂರು ಇಂದಿರಾನಗರದ ಟಾಯ್ಟ್ ಅನ್ನುವ ಬ್ರೂಪಬ್‌ನಲ್ಲಿ. ಬಾಳೆಹಣ್ಣು, ಲವಂಗದ ವಾಸನೆ. ಯಾರೋ ಬಾಳೆಹಣ್ಣು ಹಾಕಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಎರಡೂ ಯೀಸ್ಟ್ ಮಾಡುವ ವಾಸನೆ, ಹುದುಗುವಾಗ ಬಿಸಿ ಹೆಚ್ಚಾದರೆ ಬಾಳೆಹಣ್ಣು ಮುಂದೆ ಬರುತ್ತದೆ. ಇದನ್ನು ಕೇಳಿದಾಗ ನನಗೆ ನಮ್ಮ ಪಲ್ಪಿಂಗ್ ತೊಟ್ಟಿಯೇ ಕಣ್ಣ ಮುಂದೆ ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜದ ಲೋಳೆ ಹುದುಗಿ ಕರಗಬೇಕು. ಚಳಿ ಜಾಸ್ತಿ ಇದ್ದ ವರ್ಷ ತಡ, ಬಿಸಿಲಿದ್ದರೆ ಬೇಗ. ಒಂದು ಹಿಡಿ ಬೀಜ ತೆಗೆದು ಉಜ್ಜಿದಾಗ ಜಾರದೆ ಕರಕರ ಅಂದರೆ ಆಯಿತು, ತೊಳೆಯಬೇಕು. ಮರೆತರೆ ಇಡೀ ತೊಟ್ಟಿ ಹುಳಿ ವಾಸನೆ. ಬ್ರೂವರಿಯವರಿಗೂ ಇದೇ ಕಾವಲು. ನನಗೆ ಚಿಕ್ಕ ಬ್ರೂವರಿಗಳ ಈ ಕ್ರಾಫ್ಟ್ ಬಿಯರ್ ಮೇಲೆ ಇಷ್ಟು ಪ್ರೀತಿ ಹುಟ್ಟಲು ಈ ಕಾವಲೇ ಕಾರಣ. ಅಮಲೇರಲು ಮಾತ್ರ ಕುಡಿಯುವ ಸ್ಟ್ರಾಂಗ್ ಬಿಯರ್‌ನಲ್ಲಿ ಇದು ನನಗೆ ಸಿಕ್ಕಿಲ್ಲ.

ಒಂದು ಕೆಟ್ಟ ಅನುಭವವನ್ನೂ ಹೇಳುತ್ತೇನೆ. ಬೇಸಿಗೆಯಲ್ಲಿ ಒಂದು ಅಂಗಡಿಯಿಂದ ಹಸಿರು ಬಾಟಲಿಯ ಬಿಯರ್ ತಂದಿದ್ದೆವು. ಗಾಜಿನ ಶೋಕೇಸಿನಲ್ಲಿ, ಬಿಸಿಲು ಬೀಳುವ ಕಡೆ ಇಟ್ಟಿದ್ದು. ಮುಚ್ಚಳ ತೆಗೆದರೆ ಕಾಡುಬೆಕ್ಕು ಮಗ್ಗುಲಲ್ಲೇ ಹಾದುಹೋದ ಹಾಗೆ. ಅಷ್ಟನ್ನೂ ಚೆಲ್ಲಿದೆವು. ಬಿಯರ್‌ಗೆ ಕಹಿ ಕೊಡುವುದು ಹಾಪ್ಸ್ ಹೂವು. ಆ ಕಹಿಗೆ ಬೆಳಕು ತಾಗಿದರೆ ಗಂಧಕದ ಈ ನಾತ ಹುಟ್ಟುತ್ತದೆ. ಹಸಿರು ಗಾಜು ಬೆಳಕನ್ನು ಸರಿಯಾಗಿ ತಡೆಯುವುದಿಲ್ಲ, ಕಂದು ಗಾಜು ಎಷ್ಟೋ ವಾಸಿ, ಕ್ಯಾನ್ ಆದರೆ ಚಿಂತೆಯೇ ಇಲ್ಲ. ದುಡ್ಡು ಕೊಟ್ಟು ತರುವವರು ಬಾಟಲಿ ಎಲ್ಲಿಟ್ಟಿದ್ದಾರೆ ಅಂತ ನೋಡಿ ತನ್ನಿ.

ನಮ್ಮ ಕಡೆ ಈ ಮಳೆಗಾಲದಲ್ಲೂ ಬಿಯರ್ ಅಂದರೆ ಕೈ ಮರಗಟ್ಟುವಷ್ಟು ತಣ್ಣಗಿರಬೇಕು ಅನ್ನುತ್ತಾರೆ. ಯಜಮಾನರೂ ಹಾಗೇ ಇದ್ದರು. ಶನಿವಾರ ಜಗಲಿಯ ಲೋಟ ಅವರ ಕೈಗೆ ಕೊಟ್ಟೆ. ಸುಮ್ನೆ ಕುಡಿದು, ಫ್ರಿಜ್‌ನಲ್ಲಿದ್ದ ಇನ್ನೊಂದು ಸ್ಟೌಟ್ ತಾವೇ ತಂದು ಜಗಲಿಯಲ್ಲಿಟ್ಟರು. ಹಂದಿ ಸಾರಿಗೆ ಒಗ್ಗರಣೆ ಬೀಳುವವರೆಗೂ ಅದನ್ನು ಯಾರೂ ಮುಟ್ಟಲಿಲ್ಲ.

ಇನ್ನು ಒಂದು ಸ್ಟೌಟ್ ಉಳಿದಿದೆ. ಆ ಬ್ರೂವರಿಯವರು ಮುಂದೆ ನಿಜವಾದ ಕಾಫಿ ಹಾಕಿ ಸ್ಟೌಟ್ ಮಾಡುವ ಆಲೋಚನೆಯಲ್ಲಿದ್ದಾರಂತೆ. ನಮ್ಮ ತೋಟದ ಮೇಲಿನ ಪಟ್ಟಿಯ ಅರೇಬಿಕಾ ಎರಡು ಕೇಜಿ ಕಳಿಸುತ್ತೇನೆ ಅಂತ ಮೈದುನನ ಹತ್ತಿರ ಹೇಳಿ ಕಳಿಸಿದ್ದೇನೆ. ತುಂಬಾ ಕಪ್ಪಗೆ ಹುರಿಯಬೇಡಿ, ಸುಟ್ಟ ರುಚಿ ಬಾರ್ಲಿಯಲ್ಲೇ ಬೇಕಾದಷ್ಟಿದೆ ಅಂತ ಒಂದು ಚೀಟಿಯನ್ನೂ ಬರೆದು ಕೊಟ್ಟೆ.